ಶೀಲ್ಡಿನ ಮೇಲೊಂದು ಕುಂಕುಮ

ಗುರುವಾರ ಮಧ್ಯಾಹ್ನ ದೇವರ ದೀಪಗಳಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದೆ. ಮಣಿಕಟ್ಟಿನವರೆಗೂ ಹುಳಿ. ಫೋನು ಬರುವುದು ಯಾವಾಗಲೂ ಇಂಥ ಹೊತ್ತಿಗೇ ತಾನೆ? ಮೊಣಕೈಯಲ್ಲಿ ಒತ್ತಿ ಸ್ಪೀಕರ್ ಹಾಕಿದೆ.

"ಆಂಟಿ, ಅಮ್ಮೀನ ನೋಡಕ್ಕೆ ಬಿಡ್ತಾರಂತೆ. ಒಬ್ರಿಗೆ ಮಾತ್ರ. ಇವತ್ತೇ, ನಾಕು ಗಂಟೆಗೆ."

ಸಾನಿಯಾ ನಮ್ಮ ಮೇಲಿನ ಮನೆಯ ಹುಡುಗಿ. ಅವಳ ತಾಯಿ ನಸೀಮಾ ಯಶವಂತಪುರದ ಆಸ್ಪತ್ರೆಯೊಂದರ ಕೋವಿಡ್ ವಾರ್ಡ್ ಸೇರಿ ಒಂಬತ್ತು ದಿನವಾಗಿತ್ತು. ತಂದೆ ಗೌಸ್ ಭಾಯಿಗೂ ಪಾಸಿಟಿವ್, ಸಾನಿಯಾಳಿಗೂ ಪಾಸಿಟಿವ್. ಇಬ್ಬರೂ ಮಹಡಿಯ ಮೇಲೇ ಬಂದಿಗಳು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಚೀಲ ಇಳಿಸುತ್ತಾರೆ, ನಾನು ಅದರಲ್ಲಿ ಊಟ ಇಟ್ಟು ದೂರ ಸರಿಯುತ್ತೇನೆ, ಚೀಲ ಮೇಲೆ ಹೋಗುತ್ತದೆ. (ಮೊದಲ ದಿನ ಸಾರು ಅರ್ಧ ದಾರಿಯಲ್ಲೇ ಚೆಲ್ಲಿ ನಮ್ಮ ಯಜಮಾನರ ತಲೆಗೆ ಅಭಿಷೇಕವಾಯಿತು. ಬಿಸಿ ಇರಲಿಲ್ಲ, ದೇವರು ದೊಡ್ಡವನು.)

ಸರಿ, ಹೋಗುವವರು ಯಾರು? ಎರಡು ಡೋಸ್ ಆಗಿ, ಕೆಮ್ಮು ನೆಗಡಿ ಏನೂ ಇಲ್ಲದೆ ಗಟ್ಟಿಮುಟ್ಟಾಗಿರುವ ಒಬ್ಬಳೇ ಒಬ್ಬಳು ನಾನು. ಯಜಮಾನರಿಗೆ ಶುಗರ್, ಅವರು ಗೇಟೂ ದಾಟುವಂತಿಲ್ಲ.

ಆಸ್ಪತ್ರೆಯವರು ಸುಮ್ಮನೆ ಕರೆದಿರಲಿಲ್ಲ. ನಸೀಮಾ ಮೂರು ದಿನದಿಂದ ತಟ್ಟೆ ಮುಟ್ಟುತ್ತಿಲ್ಲವಂತೆ. ಆಕ್ಸಿಜನ್ ಮಾಸ್ಕನ್ನೂ ಕಿತ್ತು ಕಿತ್ತು ಎಸೆಯುತ್ತಾಳಂತೆ. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಿ ಊಟ ಕೊಡಬೇಕಾಗುತ್ತದೆ, ಅದಕ್ಕೆ ಮೊದಲು ಮನೆಯವರು ಯಾರಾದರೂ ಬಂದು ಒಂದು ಮಾತು ಹೇಳಿ ನೋಡಲಿ ಎಂದು ಡಾಕ್ಟರು ಅನುಮತಿ ಕೊಟ್ಟಿದ್ದರು. ಹದಿನೈದು ನಿಮಿಷ.

ನಿಜ ಹೇಳಲೇ? ನನಗೆ ಮದುವೆಮನೆಗೆ ಹೊರಟಷ್ಟು ಸಂಭ್ರಮ. ಒಂಬತ್ತು ದಿನದಿಂದ ದೀಪ ಹಚ್ಚಿ ಬೇಡಿಕೊಂಡಿದ್ದೊಂದೇ, ಅವಳನ್ನು ಒಂದು ಸಲ ಕಣ್ಣಿಂದ ನೋಡುವ ಹಾಗಾಗಲಿ ಅಂತ. ಆಯಿತಲ್ಲ!

ಸಾನಿಯಾ ಕಳಿಸಿದ ಪಟ್ಟಿಯಲ್ಲಿ ಬಳೆ, ಉಂಗುರ, ವಾಚು ಏನೂ ಇರಕೂಡದು ಎಂದಿತ್ತು. ಸೋಪಿನ ನೊರೆ ಹಚ್ಚಿ ಒಂದೊಂದೇ ಗಾಜಿನ ಬಳೆ ಜಾರಿಸಿದೆ. ಕೈ ಬರಿದಾಗಿರಬಾರದಲ್ಲ, ಅರಿಶಿನದ ದಾರ ಸುತ್ತಿಕೊಂಡೆ. ಆಮೇಲೆ ನೆನಪಾಯಿತು, ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೇ? ಬ್ರೆಡ್ಡು, ಸೇಬು, ಗುಡಿಯ ತೀರ್ಥದ ಪುಟ್ಟ ಬಾಟಲಿ ಎಲ್ಲಾ ಬುಟ್ಟಿಗೆ ಸೇರಿದವು. ಅಷ್ಟರಲ್ಲಿ ಮೇಲಿಂದ ಚೀಲ ಇಳಿಯಿತು. ಒಳಗೊಂದು ನೀರಿನ ಬಾಟಲಿ. ದರ್ಗಾದವರು ದುವಾ ಓದಿ ಊದಿಕೊಟ್ಟ ನೀರಂತೆ. ಗೌಸ್ ಭಾಯಿ ಬಾಲ್ಕನಿಯಿಂದ ಕೈ ಮುಗಿದರು, ಮಾತಾಡಲಿಲ್ಲ. ಕೆಮ್ಮಿ ಕೆಮ್ಮಿ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಟಲಿಗೆ ಸ್ಯಾನಿಟೈಸರ್ ಸವರಿ ಅದನ್ನೂ ಇಟ್ಟುಕೊಂಡೆ.

ಶೆಟ್ಟಿಹಳ್ಳಿಯಿಂದ ಆಟೋ. ಊರೆಲ್ಲಾ ಬಾಗಿಲು ಹಾಕಿಕೊಂಡಿದ್ದರೂ ಗೊರಗುಂಟೆಪಾಳ್ಯದಲ್ಲಿ ಮಾತ್ರ ಲಾರಿಗಳ ಸಾಲು ಹಾಗೇ ಇತ್ತು. ಅಲ್ಲಿ ನಿಂತು ನಾನು ಪಠಿಸಿದ ಸ್ತೋತ್ರಗಳಿಗೆ ಲೆಕ್ಕವಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ಗೇಟು ಸಿಕ್ಕಿತು.

ಸೆಕ್ಯೂರಿಟಿಯವರು ಬುಟ್ಟಿ ಇಣುಕಿ ತಲೆ ಅಲ್ಲಾಡಿಸಿದರು. ಹಣ್ಣಿಲ್ಲ, ಬ್ರೆಡ್ಡಿಲ್ಲ, ಮೊಬೈಲೂ ಇಲ್ಲ. ತೀರ್ಥ ಅಂದೆ. ದುವಾ ಅಂದೆ. "ಯಾವ್ ನೀರೂ ಒಳಗೆ ಬಿಡಲ್ಲಮ್ಮ," ಎಂದರು. ಎರಡೂ ಬಾಟಲಿಗಳು ಅವರ ಮೇಜಿನ ಮೇಲೆ ಅಕ್ಕಪಕ್ಕ ಕೂತವು. ನಮ್ಮ ದೇವರಿಗೂ ಅವರ ದೇವರಿಗೂ ಕಾಯುವ ಕೆಲಸ.

ಒಳಗೆ ಚಿಕ್ಕಜಾಲದ ಕಡೆಯ ನರ್ಸಮ್ಮ, ಮಂಜುಳಾ ಎಂದು ಹೆಸರು. ಕೈ ತೊಳೆಯಿರಿ ಎಂದಳು. ನಾನು ಭಾರೀ ಜಾಗ್ರತೆಯವಳು ನೋಡಿ, ಯಾರೂ ಹೇಳದೆಯೇ ಮುಖವನ್ನೂ ಸೋಪು ಹಾಕಿ ತಿಕ್ಕಿ ತೊಳೆದೆ. ಆಮೇಲೆ ಗೌನು, ಟೋಪಿ, ಬಿಗಿಯಾದ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಫೇಸ್‌ಶೀಲ್ಡು, ಕೊನೆಗೆ ಗ್ಲೌಸು. "ಇಂಗೆ ಒಳಗೆ ಓದ್ಮೇಲೆ ಮುಖಕ್ಕೆ ಕೈ ತರಂಗಿಲ್ಲ. ಏನಾದ್ರೂ ಸರಿ," ಎಂದು ಎಚ್ಚರಿಸಿದಳು. ಗುರುತಿಗಿರಲಿ ಎಂದು ಕೆಂಪು ಮಾರ್ಕರಿನಲ್ಲಿ ನನ್ನ ಎದೆಯ ಮೇಲೆ 'ವಿಸಿಟರ್' ಎಂದು ಬರೆದಳು.

ನಸೀಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟೇ ಇಷ್ಟಾಗಿದ್ದಳು. ನಾನು ಮಂಚದ ಕಾಲಿನ ಹತ್ತಿರ, ಮಂಜುಳಾ ತೋರಿಸಿದ ಗೆರೆಯಲ್ಲಿ ನಿಂತೆ.

"ನಸೀಮಾ, ನಾನು ಕಣೆ. ಕೆಳಗಿನ ಮನೆ ಅಕ್ಕ."

ತಿರುಗಿದಳು. ದನಿಯ ಗುರುತು ಸಿಕ್ಕಿ ಕಣ್ಣು ಅರಳಿತು. ಆ ಕಣ್ಣು ನನ್ನ ಹಣೆಗೆ ಹೋಯಿತು. ಕೈಗೆ ಬಂತು. ಮತ್ತೆ ಹಣೆಗೆ.

"ಯಾವಾಗ ಅಕ್ಕಾ?" ಎಂದಳು.

ಈಗಷ್ಟೇ, ಆಟೋದಲ್ಲಿ, ಗೊರಗುಂಟೆಪಾಳ್ಯದಲ್ಲಿ ತಡವಾಯಿತು ಎಂದು ನಾನು ಉತ್ಸಾಹದಿಂದ ಹೇಳುತ್ತಲೇ ಇದ್ದೇನೆ, ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. "ಭಾಯಿಸಾಬ್ ಕೂಡಾ ಹೋಗ್ಬಿಟ್ರಾ..." ಎಂದಳು. ಪಕ್ಕದ ಯಂತ್ರ ಕೂಗಿಕೊಂಡಿತು. ಮಂಜುಳಾ ಓಡಿಬಂದಳು.

ಭಾಯಿಸಾಬ್ ಅಂದರೆ ನಮ್ಮ ಯಜಮಾನರು!

ಆಗ ಹೊಳೆಯಿತು ನನಗೆ. ಹದಿನಾಲ್ಕು ವರ್ಷದಿಂದ ಒಂದೇ ಮೆಟ್ಟಿಲು ಹತ್ತಿಳಿದವಳು ಅವಳು. ನಾನು ಬರುವುದು ಅವಳಿಗೆ ಬಳೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಬಳೆ ಸದ್ದಿಲ್ಲದ ನನ್ನನ್ನು, ಬೋಳು ಹಣೆಯ ನನ್ನನ್ನು ಅವಳು ಯಾವತ್ತು ನೋಡಿದ್ದಳು? ಸೋಪು ಹಾಕಿ ತಿಕ್ಕಿದೆನಲ್ಲ, ಎಂಥಾ ಜಾಣೆ ನಾನು.

"ಅವರಿಗೇನಾಗಿದೆ ಧಾಡಿ?" ಎಂದೆ. ಬೆಳಿಗ್ಗೆಯಿಂದ ಮೂರು ಸಲ ಕಾಫಿ ಕೇಳಿದ್ದಾರೆ, ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಎಂದು ಮುಖ ಊದಿಸಿಕೊಂಡಿದ್ದಾರೆ, ಕುಂಕುಮ ನಾನೇ ತೊಳೆದುಕೊಂಡೆ ಎಂದೆಲ್ಲಾ ಒಂದೇ ಉಸಿರಿಗೆ ಹೇಳಿದೆ.

ಅವಳು ನಂಬಲಿಲ್ಲ.

"ಎಲ್ರೂ ಸುಳ್ಳು ಹೇಳ್ತೀರಿ. ಸಾನಿಯಾ ಅಬ್ಬಾ ಮಲಗಿದಾರೆ ಅಂತಾಳೆ. ದಿನಾ ಮಲಗೇ ಇರ್ತಾರಾ? ಅವರ ಆವಾಜ್ ಕೇಳಿ ಆರು ದಿನ ಆಯ್ತು. ಅವರೂ ಇಲ್ಲ, ನಂಗೊತ್ತು. ನಾನ್ ಯಾಕ್ ತಿನ್ಲಿ?"

ಊಟ ಬಿಟ್ಟಿದ್ದು ಇದಕ್ಕೆ! ಗೌಸ್ ಭಾಯಿಯ ಗಂಟಲು ಕಟ್ಟಿದೆ ಎಂದರೆ ನಸೀಮಾ ಹೆದರುತ್ತಾಳೆ ಎಂದು ಮಗಳು ವಾರ್ಡಿನ ಫೋನಿನಲ್ಲಿ ದಿನವೂ 'ಮಲಗಿದ್ದಾರೆ' ಎನ್ನುತ್ತಿದ್ದಳು. ನಾನೂ ಹೂಂಗುಟ್ಟಿದ್ದೆ. ನಾವೆಲ್ಲ ಸೇರಿ, ಪ್ರೀತಿಯಿಂದಲೇ, ಆ ಮನುಷ್ಯನನ್ನು ಅವಳ ಪಾಲಿಗೆ ಮುಗಿಸಿಬಿಟ್ಟಿದ್ದೆವು.

"ಮಾಸ್ಕ್ ಒಂದ್ಸಲ ತೆಗೀರಿ ಅಕ್ಕಾ. ನಿಮ್ಮ ಮುಖ ನೋಡಿದ್ರೆ ನಂಗೆ ಸುಳ್ಳೋ ನಿಜಾನೋ ಗೊತ್ತಾಗುತ್ತೆ."

ಎಷ್ಟು ಸಣ್ಣ ಮಾತು ನೋಡಿ. ಒಂದೇ ಕ್ಷಣ. ಯಾರಿಗೆ ಏನಾಗಿಬಿಡುತ್ತೆ? ಪ್ರಾಣಕ್ಕಿಂತ ಹೆಚ್ಚೇ ರೂಲ್ಸು? ನನ್ನ ಕೈ ಆಗಲೇ ಕಿವಿಯ ಹತ್ತಿರ ಹೋಗಿತ್ತು. ಮಂಜುಳಾ ಆ ಕೈ ಹಿಡಿದಳು.

"ಇಂಗೆ ಮಾಡಿದ್ರೆ ನಾಳೆ ನಿಮ್ಮನ್ನ ನೋಡಕ್ಕೆ ಯಾರಮ್ಮಾ ಬರ್ತಾರೆ?"

ಮನೆಯಲ್ಲಿರುವ ಶುಗರ್ ಪೇಷಂಟು ಕಣ್ಣ ಮುಂದೆ ಬಂದರು. ಕೈ ಇಳಿಸಿದೆ. ಆದರೆ ಈಗೇನು ಮಾಡೋದು? ಏಳು ನಿಮಿಷ ಕಳೆದಿತ್ತು.

ಆಗ ಆ ಹುಡುಗಿಗೆ ದೇವರೇ ಬುದ್ಧಿ ಕೊಟ್ಟ. ಜೇಬಿನಿಂದ ಕೆಂಪು ಮಾರ್ಕರ್ ತೆಗೆದು, ನನ್ನ ಫೇಸ್‌ಶೀಲ್ಡಿನ ಮೇಲೆ, ಹಣೆಯ ನೇರಕ್ಕೆ, ದುಂಡಗೆ ಒಂದು ಬೊಟ್ಟಿಟ್ಟಳು.

ನಸೀಮಾ ಪಿಳಿಪಿಳಿ ನೋಡಿದಳು. ಆಮೇಲೆ ಮಾಸ್ಕಿನೊಳಗಿಂದ ಸಣ್ಣ ದನಿ ಬಂತು: "ಸ್ವಲ್ಪ ಮೇಲೆ, ಸಿಸ್ಟರ್. ಅಕ್ಕ ಇಷ್ಟು ಕೆಳಗೆ ಇಡಲ್ಲ."

ಮಂಜುಳಾ ಸ್ಪಿರಿಟ್ ಹತ್ತಿಯಲ್ಲಿ ಅಳಿಸಿ ಮೇಲೆ ಇಟ್ಟಳು. ಈಗ ಎಡಕ್ಕಾಯಿತಂತೆ. ಮತ್ತೆ ಅಳಿಸಿದಳು. ಮೂರನೆಯ ಸಲಕ್ಕೆ ನಸೀಮಾ ಒಪ್ಪಿದಳು. ನನಗೆ ಒಳಗೇ ನಗು, ಒಳಗೇ ಅಳು, ಕಣ್ಣೊರೆಸುವಂತಿಲ್ಲ, ಮೂಗು ಸೀಟುವಂತಿಲ್ಲ. ಎಂಥಾ ಶಿಕ್ಷೆ!

ಇನ್ನು ಸುಳ್ಳು ಬೇಡ ಅಂದುಕೊಂಡೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ನಿನ್ನ ಗಂಡನಿಗೆ ಗಂಟಲು ಪೂರ್ತಿ ಕಟ್ಟಿದೆ, ಮೊನ್ನೆ ಜ್ವರ ನೂರಾ ಎರಡು ಇತ್ತು, ನಿನ್ನೆಯಿಂದ ಇಳಿದಿದೆ. ಇವತ್ತು ಬೆಳಿಗ್ಗೆ ನೀನಿಲ್ಲ ಎಂದು ತಾನೇ ಕತ್ತರಿ ಹಿಡಿದು ಗಡ್ಡ ಕತ್ತರಿಸಿಕೊಂಡಿದ್ದಾರೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಬಾಲ್ಕನಿಗೆ ಬಂದರೆ ಬೀದಿಯೇ ನಗುತ್ತಿದೆ.

"ಯಾವ್ ಕಡೆ ಗಿಡ್ಡ?" ಎಂದಳು ತಕ್ಷಣ.

"ಎಡಗಡೆ."

"ಎಡಗೈ ಅವರದು. ಎಡಗಡೆ ಕತ್ತರಿ ನಿಲ್ಲಲ್ಲ," ಎಂದು ಕಣ್ಣು ಮುಚ್ಚಿಕೊಂಡಳು. "ಇದಾರೆ ಹಂಗಾದ್ರೆ."

ಗಂಜಿಯ ಬಟ್ಟಲು ತೆಗೆದುಕೊಂಡು ಮಂಜುಳಾ ಪಕ್ಕದಲ್ಲಿ ಕೂತಳು. ಒಂದು ಚಮಚ. ಎರಡು. ನಾಲ್ಕನೆಯ ಚಮಚದ ಹೊತ್ತಿಗೆ ನನ್ನ ಹದಿನೈದು ನಿಮಿಷ ಮುಗಿಯಿತು. ಕೈ ಹಿಡಿಯಲಿಲ್ಲ, ತಲೆ ಸವರಲಿಲ್ಲ. ಕಾಲ ಬಳಿಯ ಗೆರೆ ದಾಟದೆಯೇ ಹೊರಗೆ ಬಂದೆ. ಗೌನು, ಗ್ಲೌಸು, ಶೀಲ್ಡು ಎಲ್ಲವನ್ನೂ ಹೇಳಿದ ಕ್ರಮದಲ್ಲೇ ಕಳಚಿ ಹಳದಿ ಡಬ್ಬಕ್ಕೆ ಹಾಕಿದೆ. ಬೊಟ್ಟೂ ಹೋಯಿತು. ಹೋಗಲಿ, ಅದರ ಕೆಲಸ ಆಗಿತ್ತು.

ಮನೆಗೆ ಬಂದರೆ ಗೇಟಿನಾಚೆ ನಾಲ್ಕು ಮನೆಯವರು ನಿಂತಿದ್ದರು. ಹೇಗಿದ್ದಾಳೆ, ನಾವೂ ಹೋಗಿ ನೋಡಿಕೊಂಡು ಬರುತ್ತೇವೆ, ನೋಡದಿದ್ದರೆ ತಪ್ಪು ತಿಳಿಯುತ್ತಾರೆ ಎಂದು ಒಬ್ಬೊಬ್ಬರದು ಒಂದೊಂದು ಮಾತು. ನಾನು ದೂರದಿಂದಲೇ ಹೇಳಿದೆ: ಯಾರೂ ತಪ್ಪು ತಿಳಿಯಲ್ಲ, ಮನೆಯಲ್ಲೇ ಇರಿ, ಅದೇ ದೊಡ್ಡ ಉಪಕಾರ. ಹೋಗುವುದು ಅವಳಿಗೆ ಬೇಕಾದಾಗ, ನಾವು ಹೋಗಿಬಂದೆವು ಅನ್ನಿಸಿಕೊಳ್ಳುವುದಕ್ಕಲ್ಲ.

ಹಿಂದಿನ ಬಾಗಿಲಿನಿಂದ ನೇರ ಬಚ್ಚಲು. ಸೀರೆ ಬಿಸಿನೀರಿಗೆ, ನಾನೂ ಬಿಸಿನೀರಿಗೆ. ಹೊರಗೆ ಬಂದು ದೇವರಿಗೆ ಕೈ ಮುಗಿದು, ಬಾಲ್ಕನಿಗೆ ಕೇಳುವ ಹಾಗೆ ಕೂಗಿ ಎಲ್ಲವನ್ನೂ ಹೇಳಿದೆ. ನಿಮ್ಮ ಹೆಂಡತಿ ನಿಮ್ಮನ್ನು ತೀರಿಕೊಂಡವರ ಲೆಕ್ಕಕ್ಕೆ ಸೇರಿಸಿದ್ದಳು, ಗೌಸ್ ಭಾಯಿ, ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ನಾನು ಅಡುಗೆಮನೆಗೆ ಹೋಗಿ ಮೆಣಸು, ಜೀರಿಗೆ ಹುರಿಯಲು ಬಾಣಲೆ ಇಟ್ಟೆ. ಬಿಸಿ ಸಾರು ಕುಡಿಸಿ ಆ ಗಂಟಲನ್ನು ಬೇಗ ಸರಿಮಾಡಬೇಕು. ಒಬ್ಬ ಗಂಡಸು ಬದುಕಿದ್ದಾನೆಂದು ಅವನ ಹೆಂಡತಿಗೆ ಎಷ್ಟು ದಿನಾಂತ ನಾನೇ ಹೋಗಿ ಹೇಳಲಿ?