ಗೋಲಿನ ಮುಂದೆ ನಮ್ಮ ವೈನಿ

ವೈನಿಯ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಚಾ ಕಪ್ಪನ್ನು ಹಿಡಿದಿದ್ದರೆ ಅದೊಂದು ಹೊರಗೆ ಚಾಚಿಕೊಂಡು ನೆಟ್ಟಗೆ ನಿಂತಿರುತ್ತಿತ್ತು. ನಾನು ಅವರ ಮುಖಕ್ಕಿಂತ ಮೊದಲು ನೋಡಿದ್ದು ಆ ಬೆರಳನ್ನು. ಅಣ್ಣನಿಗೆ ಹೆಣ್ಣು ನೋಡಲು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿದ್ದೆವು. ನಾನಾಗ ಹತ್ತನೇ ಇಯತ್ತೆಯ ಹುಡುಗಿ. ಅವರ ತಂದೆ ಮೆಣಸಿನಕಾಯಿ ವ್ಯಾಪಾರಿ. ಬಸ್ಸಿಳಿದಾಗಿನಿಂದ ಸೀನುತ್ತಿದ್ದ ನಾನು ಅವರ ಪಡಸಾಲೆಯಲ್ಲಿ ಕೂತ ಮೇಲೂ ಸೀನುತ್ತಲೇ ಇದ್ದೆ. ಎತ್ತರದ ಹುಡುಗಿಯೊಬ್ಬಳು ಅವಲಕ್ಕಿ ತಟ್ಟೆ ತಂದಿಟ್ಟಳು. ಅವ್ವನ ಕಣ್ಣು ಆ ಬೆರಳಿಗೇ ಹೋಯಿತು.

“ಬೆರಳಿಗೆ ಏನಾಗೇತವಾ?”

“ಚೆಂಡು ಬಡದು ಮುರದಿತ್ರಿ.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಮತ್ತ ಮುರೀಬಹುದು. ನಾ ಆಡೂದು ಬಿಡೂದಿಲ್ರಿ. ಆಮ್ಯಾಲೆ ಮಾತು ಬರಬಾರದು ಅಂತ ಈಗಽ ಹೇಳತೇನಿ.”

ಅವರ ತಂದೆ ನೆಲ ನೋಡಿದರು. ಅಪ್ಪ ಕೆಮ್ಮಿದ. ಹುಡುಗಿ ಫುಟ್‌ಬಾಲ್ ಆಡುತ್ತಾಳೆಂದು ಮಧ್ಯಸ್ಥರು ಹೇಳಿದ್ದರು, ನಿಜ. ಆದರೆ ಅದನ್ನು ನಾವು ಕಾಲೇಜಿನ ಹವ್ಯಾಸ ಎಂದುಕೊಂಡಿದ್ದೆವು. ಅವರು ಬೆಂಗಳೂರಿನ ಕ್ಲಬ್ಬೊಂದಕ್ಕೆ ಒಪ್ಪಂದದ ಮೇಲೆ ಆಡುವ ಗೋಲ್‌ಕೀಪರ್, ಅದೇ ಅವರ ಉದ್ಯೋಗ ಎಂಬುದು ತಿಳಿದದ್ದು ಆ ದಿನ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಗೊಣಗಿದಳು. ಅಣ್ಣ ಕಿಟಕಿಯಿಂದ ಮುಖ ತಿರುಗಿಸದೆ ಅಂದ: “ಆಡ್ಲಿ ಬಿಡವಾ. ನಾ ಏನ್ ಆಕಿ ಬದ್ಲಿ ಆಡಬೇಕಾಗೇತೇನು?”

ಹೀಗೆ ಅವರು ನನ್ನ ವೈನಿಯಾಗಿ, ಅಣ್ಣನ ಹೆಂಡತಿಯಾಗಿ, ನಮ್ಮ ಮನೆಗೆ ಬಂದರು. ಮನೆಗೆ ಬಂದರು ಎನ್ನುವುದಕ್ಕಿಂತ ನಮ್ಮ ಮನೆಯನ್ನು ಹಾದು ಹೋಗತೊಡಗಿದರು ಎನ್ನುವುದು ಸರಿ. ಅವರಿಗೆ ಕೂರುವುದೇ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಟೀವಿಯನ್ನು ನಿಂತು ನೋಡುತ್ತಿದ್ದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಮದುವೆಯಾದ ವಾರದಲ್ಲೇ, ಬೆಳಕು ಹರಿಯುವ ಹೊತ್ತಿಗೆ ಮಾಳಿಗೆಯ ಮೇಲಿಂದ ಧಡ್ ಧಡ್ ಎಂಬ ಸದ್ದು. ಹತ್ತಿ ನೋಡಿದರೆ, ಹಸಿರು ಬಳೆಯನ್ನೆಲ್ಲ ಮೊಣಕೈಗೆ ಏರಿಸಿಕೊಂಡು ಹೊಸ ಸೊಸೆ ನೀರಿನ ಟಾಕಿಯ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದಾರೆ.

“ಬಂದ್ಯಾ? ಛಲೋ ಆತು. ಗ್ವಾಡಿ ಎಲ್ಲಿಗೆ ಒಗಿತೈತಿ ಅಂತ ನನಗ ಮೊದ್ಲಽ ಗೊತ್ತಾಗಿಬಿಡತೈತಿ. ನೀ ಒಗಿ.”

ನಾನು ಮೆಲ್ಲಗೆ ಎಸೆದೆ. ವೈನಿ ಚೆಂಡು ಹಿಡಿಯಲೇ ಇಲ್ಲ, ಅದನ್ನು ಬೀಳಲು ಬಿಟ್ಟರು. “ಮರ್ಯಾದಿ ಕೊಡಬ್ಯಾಡ. ಸಿಟ್ಟು ಬಂದೇತಿ ಅಂತ ತಿಳದು ಒಗಿ.”

ಪಕ್ಕದ ಮನೆಯವರು ದೂರು ತಂದರು. ಅಪ್ಪನದು ಬೀಜದ ಅಂಗಡಿ, ಊರೆಲ್ಲ ಪರಿಚಯ, ಮಾತಿಗೆ ಅಂಜುವ ಜೀವ. ವೈನಿ ಎದುರು ವಾದಿಸಲಿಲ್ಲ. ಮರುದಿನದಿಂದ ನನ್ನನ್ನು ಕರೆದುಕೊಂಡು ಕಾಲೇಜಿನ ಮೈದಾನಕ್ಕೆ ಹೋಗತೊಡಗಿದರು. ಅಲ್ಲಿ ಓಡುತ್ತ ಓಡುತ್ತ ತಮ್ಮ ಕಥೆ ಹೇಳುತ್ತಿದ್ದರು. ಶಾಲೆಯಲ್ಲಿ ಅವರು ಖೋಖೋ ಆಟಗಾರ್ತಿ. ಒಂದು ಪಂದ್ಯದ ದಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಹುಡುಗಿಗೆ ಜ್ವರ ಬಂತು. ಎತ್ತರ ಇದ್ದಾಳೆಂದು ಇವರನ್ನು ನಿಲ್ಲಿಸಿದರು. ಗೋಲಿನ ಮೇಲೆ ಗೋಲು ಬಿತ್ತು. ಎಲ್ಲರೂ ನಕ್ಕರು. “ಸೋತಿದ್ದಕ್ಕ ಸಿಟ್ಟು ಬರ್ಲಿಲ್ಲ,” ಎಂದರು ವೈನಿ. “ಚೆಂಡು ನನ್ನ ಕಣ್ಣಮುಂದಽ ಹೋಗಿ ನನಗ ಗೊತ್ತಾಗಲಿಲ್ಲಲ್ಲ, ಅದಕ್ಕ ನಿದ್ದಿ ಬರ್ಲಿಲ್ಲ.” ಅಲ್ಲಿಂದ ಕ್ರೀಡಾ ಹಾಸ್ಟೆಲು, ಅಲ್ಲಿಂದ ಬೆಂಗಳೂರಿನ ಕ್ಲಬ್ಬು.

ಮದುವೆಯ ಮರುವರ್ಷ ಕೋಲ್ಕತ್ತದ ದೊಡ್ಡ ಕ್ಲಬ್ಬು ಅವರನ್ನು ತೆಗೆದುಕೊಂಡಿತು. ಮೊದಲ ಬಾರಿ ಪಂದ್ಯ ಫೋನಿನಲ್ಲಿ ನೇರವಾಗಿ ಬಂದಾಗ ನಾವೆಲ್ಲ ಅಂಗಡಿಯಲ್ಲಿ, ಗೋವಿನಜೋಳದ ಬೀಜದ ಚೀಲಗಳ ಮೇಲೆ ಕೂತು ನೋಡಿದೆವು. ಕುಪ್ಪೇಲೂರಿನಿಂದ ಬೀಜಕ್ಕೆಂದು ಬಂದ ರೈತರೂ ಬಗ್ಗಿ ನೋಡಿದರು. ಪಂದ್ಯ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು. ದೂರದಿಂದ ಬಂದ ಒಂದು ಸಾದಾ ಚೆಂಡು, ನಾನೂ ಹಿಡಿಯಬಹುದಾಗಿದ್ದ ಚೆಂಡು, ವೈನಿಯ ಕೈಗೆ ಬಂದು ಜಾರಿ ಕಾಲುಗಳ ನಡುವೆ ಉರುಳಿ ಗೆರೆ ದಾಟಿತು. ಅವರ ತಂಡ ಸೋತಿತು. ಸಂಜೆಯೊಳಗೆ ಆ ತುಣುಕು ಊರಿನ ಫೋನುಗಳಲ್ಲೆಲ್ಲ ಓಡಾಡಿತು. ಮರುದಿನ ಅಂಗಡಿಗೆ ಬಂದವರೊಬ್ಬರು ಅಪ್ಪನ ಮುಂದೆಯೇ ನಕ್ಕರು. ಅಪ್ಪನಿಗೆ ಊಟ ತಂದಿದ್ದ ಅವ್ವ, ಅಲ್ಲಿಯವರೆಗೆ ಸೊಸೆಯ ಆಟದ ಬಗ್ಗೆ ಒಂದೂ ಒಳ್ಳೆಯ ಮಾತಾಡದವಳು, ಡಬ್ಬಿಯನ್ನು ಕುಕ್ಕಿದಳು. “ಹತ್ತು ಮಂದೀನ ದಾಟಿ ಬಂದ ಚೆಂಡಿಗೆ ಆಕಿ ಒಬ್ಬಾಕೀನ ನೋಡಿ ಯಾಕ ನಗತೀರಿ? ಆ ಹತ್ತು ಮಂದಿ ಏನ್ ಮಾಡಾಕತ್ತಿದ್ರು ಕೇಳ್ರಿ.”

ವೈನಿಯ ಫೋನು ಬಂತು. ಅಣ್ಣ, ಅವ್ವ, ಅಪ್ಪ ಸರದಿಯ ಮೇಲೆ ಸಮಾಧಾನ ಹೇಳಿದರು. ಕೊನೆಗೆ ನನ್ನ ಕೈಗೆ ಫೋನು ಬಂದಾಗ ವೈನಿ ಕೇಳಿದರು: “ನಿನಗ ಏನ್ ಕಾಣಿಸ್ತು? ಖರೇ ಹೇಳು.”

ಸುಳ್ಳು ಹೇಳಲು ನನಗೆ ಹೊಳೆಯಲಿಲ್ಲ. “ಚೆಂಡು ಕೈಯಾಗ ಬರೂಕಿಂತ ಮೊದ್ಲಽ ನೀವು ತಲಿ ಎತ್ತಿ ಯಾರಿಗೆ ಒಗೀಬೇಕಂತ ನೋಡಾಕತ್ತಿದ್ರಿ, ವೈನಿ. ಚೆಂಡ ನೋಡಲೇ ಇಲ್ಲ.”

ವೈನಿ, “ಹೌದು. ನನಗ ಅವಸರ ಭಾಳ. ಕೋಚೂ ಅದನ್ನಽ ಅಂದ್ರು,” ಎಂದು ಫೋನಿಟ್ಟರು.

ಮಗಳು ಹುಟ್ಟಿದ ಮೇಲೆ ಕ್ಲಬ್ಬು ಒಪ್ಪಂದ ಮುಂದುವರಿಸಲಿಲ್ಲ. ಇನ್ನು ಈ ಆಟ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು, ಅವರೊಬ್ಬರನ್ನು ಬಿಟ್ಟು. ಹಾಲು ಕುಡಿಯುವ ಕೂಸನ್ನು ಬಗಲಲ್ಲಿಟ್ಟುಕೊಂಡೇ ಫೋನು ಮಾಡಿ ಮಾಡಿ ಕೇರಳದ ಒಂದು ಕ್ಲಬ್ಬಿನ ಆಯ್ಕೆಗೆ ಕರೆ ಗಿಟ್ಟಿಸಿದರು. ಅದು ಮುಂಗಾರು ಬಿತ್ತನೆಯ ಹೊತ್ತು. ಅಂಗಡಿ ಬಿಟ್ಟು ಅಣ್ಣ ಹೋಗುವಂತಿರಲಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಕೂಸು ಹಿಡಿಯಲು ಹೊರಟೆ. ನಾನು ರಾಜ್ಯ ದಾಟಿದ್ದು ಅದೇ ಮೊದಲು. ರೈಲಿನಲ್ಲಿ ವೈನಿ ಬೋಗಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದರು. ಕೂಸು ಅಳುತ್ತದೆಂದು ನಡೆಯುತ್ತಿದ್ದೇನೆ ಎಂದರು. ಕೂಸು ಮಲಗಿತ್ತು.

ಮೈದಾನದ ಅಂಚಿನಲ್ಲಿ ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದು ಅತ್ತಾಗಲೆಲ್ಲ ಗೋಲಿನಲ್ಲಿದ್ದ ವೈನಿಯ ಜರ್ಸಿಯ ಎದೆ ಒದ್ದೆಯಾಗುತ್ತಿತ್ತು. ಬಿಡುವಿನಲ್ಲಿ ಓಡಿ ಬಂದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಲೂಡಿಸಿ, ಮತ್ತೆ ಓಡುತ್ತಿದ್ದರು. ಎರಡನೆಯ ದಿನ ಬಲಕ್ಕೆ ಹಾರಿ ಚೆಂಡು ಹೊರಗಟ್ಟಿದವರು ಭುಜದ ಮೇಲೆ ಬಿದ್ದರು. ಏಳಲಿಲ್ಲ. ಕ್ಲಬ್ಬಿನ ಫಿಸಿಯೋಥೆರಪಿಸ್ಟ್, ನನಗಿಂತ ಸ್ವಲ್ಪವೇ ದೊಡ್ಡವಳಾದ ಒಬ್ಬ ಹುಡುಗಿ, ಓಡಿಹೋಗಿ ಮೊಣಕಾಲೂರಿ ಕೂತಳು. ಭುಜ ಮುಟ್ಟಿದಳು, ಕೈ ಎತ್ತಿಸಿದಳು, ಏನೋ ಕೇಳಿದಳು, ಒತ್ತಿದಳು, ಪಟ್ಟಿ ಸುತ್ತಿದಳು. ಅಷ್ಟು ಮಂದಿ ಗಂಡಸರು ಸುತ್ತ ನಿಂತಿದ್ದರೂ ಎಲ್ಲರೂ ಅವಳ ಮಾತಿಗೇ ಕಾದಿದ್ದರು. ಅವಳು ತಲೆಯಾಡಿಸಿದ ಮೇಲೆಯೇ ವೈನಿ ಎದ್ದು ಮತ್ತೆ ಗೋಲಿಗೆ ಹೋದದ್ದು.

ಆಯ್ಕೆಯಾಯಿತು, ಎರಡನೆಯ ಗೋಲ್‌ಕೀಪರಾಗಿ. ಬೆಂಚಿನ ಮೇಲೆ ಕೂರುವ ಕೆಲಸ. ಬರುವಾಗ ರೈಲಿನಲ್ಲಿ ನಾನು ಆ ಫಿಸಿಯೋ ಹುಡುಗಿಯ ಬಗ್ಗೆಯೇ ಮಾತಾಡುತ್ತಿದ್ದೆನಂತೆ. ವೈನಿ ನನ್ನನ್ನು ನೋಡಿ, “ನೀ ಅದನ್ನಽ ಕಲಿ,” ಎಂದರು.

ಮನೆಯಲ್ಲಿ ಬೇರೆಯೇ ಯೋಚನೆ ಇತ್ತು. ಇಲ್ಲೇ ಬಿಎಸ್ಸಿ ಸೇರುವುದು, ಒಳ್ಳೆಯ ಸಂಬಂಧ ಬಂದರೆ ಲಗ್ನ. ವೈನಿ ಅಪ್ಪ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ನಿಂತರು. “ಮಾವಾರ, ಫಿಸಿಯೋ ಓದಾಕ ಈಕೀನ ಹುಬ್ಬಳ್ಳಿಗೆ ಕಳಸ್ರಿ.” ದಿನಾ ಅದೇ ಮಾತು, ಅದೇ ಜಾಗ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ. ಕೊನೆಗೆ ಒಂದು ದಿನ ಅಪ್ಪ ತುತ್ತು ಕೆಳಗಿಟ್ಟು, “ಯವ್ವಾ, ಕಳಸ್ತೇನಿ. ಮೊದ್ಲು ನೀ ಕುಂದ್ರು. ನನಗ ಅನ್ನ ಇಳೀವಲ್ದು,” ಎಂದ.

ನಾನು ಹುಬ್ಬಳ್ಳಿಯಲ್ಲಿ ಓದುತ್ತಿದ್ದ ವರ್ಷಗಳಲ್ಲಿ ವೈನಿ ಬೆಂಚಿನಿಂದ ಎದ್ದು ಮೊದಲ ಗೋಲ್‌ಕೀಪರಾದರು. ಭುಜದ ಕೀಲು ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಪ್ರತಿ ಸಲವೂ ಊರಿಗೆ ಬಂದು, ಸರಿಯಾಗಿ ವಾಸಿಯಾಗುವ ಮೊದಲೇ ಹೊರಟುಬಿಡುತ್ತಿದ್ದರು. ಮಗಳು ಅಜ್ಜಿಯ ಸೆರಗು ಹಿಡಿದು ಬೆಳೆಯಿತು. ಅಣ್ಣ ಮಾತು ಕಡಿಮೆ ಮಾಡಿದ. ಒಮ್ಮೆ ಮಗಳು ಫೋನಿನಲ್ಲಿ, “ಅವ್ವಾ, ನೀವು ನಮ್ಮನೀಗೆ ಯಾವಾಗ ಬರ್ತೀರಿ?” ಎಂದು ಅತಿಥಿಯನ್ನು ಕೇಳುವಂತೆ ಕೇಳಿತು. ಆ ವಾರ ವೈನಿ ದಿನಕ್ಕೆ ಹಲವು ಸಲ ಫೋನು ಮಾಡಿದರು. ಬರಲಿಲ್ಲ.

ನಾನು ಹಾವೇರಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಅವರು ನನ್ನ ಚಿಕಿತ್ಸಾ ಕೋಣೆಯ ಮುಂದಿದ್ದರು. ಪಾಳಿಯಲ್ಲಿ ಕಾಯುತ್ತೇನೆಂದು ಹಟ. ಕಾಯುವುದೆಂದರೆ ಓಣಿಯಂಥ ಆ ಹಾದಿಯಲ್ಲಿ ಹಿಂದೆ ಮುಂದೆ ನಡೆಯುವುದು. ಮೊಣಕಾಲು ನೋವಿಗೆ ಬಂದಿದ್ದ ಅಗಡಿಯ ಒಬ್ಬ ಅಜ್ಜಿ, “ಯಾಕವಾ ಹಿಂಗ ತಿರಗತೀ, ಬಾ ಇಲ್ಲೆ ಕುಂದ್ರು,” ಎಂದು ಜಾಗ ಮಾಡಿಕೊಟ್ಟರೂ ಕೂರಲಿಲ್ಲ.

ಒಳಗೆ ಬಂದು ಬಲಗೈ ಚಾಚಿದರು. ನಾನು ಮೆಲ್ಲಗೆ ಎತ್ತಿ ಹಿಂದಕ್ಕೆ ತಿರುಗಿಸಿದೆ. ಒಂದು ಹಂತಕ್ಕೆ ಬಂದಾಗ ಅವರ ಇಡೀ ಮೈ ಬಿಗಿದುಕೊಂಡಿತು. ಹಳೆಯ ಸ್ಕ್ಯಾನುಗಳನ್ನು ನೋಡಿದೆ. ನನಗೆ ಮೊದಲೇ ಭಯವಿತ್ತು, ಈಗ ಗೊತ್ತಾಯಿತು. ವೈನಿ ಭುಜ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

“ಖರೇ ಹೇಳು.”

“ಆಡಬಾರದು, ವೈನಿ.”

“ಇದೊಂದ ಸೀಸನ್. ಪಟ್ಟಿ ಕಟಗೊಂಡು?”

“ಇಲ್ಲ. ಇನ್ನೊಮ್ಮಿ ಕೀಲು ತಪ್ಪಿದ್ರ ಮಗಳಿಗೆ ಜಡಿ ಹಾಕಾಕೂ ಕೈ ಏಳೂದಿಲ್ಲ.”

ಅವರು ಎದ್ದರು. ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಮತ್ತೆ ಕಿಟಕಿಗೆ. ನನ್ನನ್ನು ಈ ಕೋಣೆಗೆ ತಂದು ನಿಲ್ಲಿಸಿದವರ ಆಟವನ್ನು ನಾನೇ ಮುಗಿಸಿದೆ ಅನ್ನಿಸಿತು. ವೈನಿ ಕಿಸೆಯಿಂದ ಫೋನು ತೆಗೆದು ಕ್ಲಬ್ಬಿನ ಮ್ಯಾನೇಜರಿಗೆ ಹಚ್ಚಿ ಹಿಂದಿಯಲ್ಲಿ, ಎರಡೇ ಮಾತಿನಲ್ಲಿ, ಇನ್ನು ಆಡುವುದಿಲ್ಲವೆಂದು ಹೇಳಿ ಇಟ್ಟುಬಿಟ್ಟರು. “ಬ್ಯಾಡಗಿ ಬಸ್ಸು ಈಗ ಐತೇನು?” ಎಂದು ಕೇಳಿ, ಚಾ ಕೂಡ ಕುಡಿಯದೆ ಹೊರಟರು.

ಮುಂದಿನ ಪಾಳಿ ಅಗಡಿಯ ಅಜ್ಜಿಯದು. “ಆಕಿ ಯಾರವಾ?” ಎಂದು ಕೇಳಿದರು.

“ನಮ್ಮ ವೈನಿ.”

“ಅಳಕೊಂತ ಹೋದ್ಲಲ್ಲ.”

ಅವರು ತವರಿನಲ್ಲೇ ಉಳಿದರು. ನನ್ನ ಫೋನು ಎತ್ತಲಿಲ್ಲ. ಭಾನುವಾರಗಳಂದು ಅಣ್ಣ ಮಗಳನ್ನು ಕರೆದುಕೊಂಡು ಬ್ಯಾಡಗಿಗೆ ಹೋಗುತ್ತಿದ್ದ. ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನ ಸುತ್ತ ನಡೆಯುತ್ತಾಳೆ, ಮಾತಿಲ್ಲ ಎನ್ನುತ್ತಿದ್ದ. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಒಮ್ಮೆ ಅಂಗಡಿಯ ಕೆಲಸಕ್ಕೆಂದು ಹಾವೇರಿಗೆ ಬಂದ ಅಣ್ಣನ ಮುಂದೆ ಅತ್ತುಬಿಟ್ಟೆ.

“ಹುಚ್ಚಿ,” ಎಂದ ಅಣ್ಣ. “ಕೇರಳದಾಗ ಒಬ್ಬ ಡಾಕ್ಟರು, ಬೆಂಗಳೂರಾಗ ಒಬ್ರು, ಇಬ್ರೂ ಮೊದ್ಲಽ ಆಡಬ್ಯಾಡ ಅಂದಿದ್ರು. ಆಕಿ ಕೇಳಲಿಲ್ಲ. ‘ತಂಗಿ ಹತ್ರ ಹೋಗಿ ಬರ್ತೇನಿ, ಆಕಿ ಬ್ಯಾಡ ಅಂದ್ರ ಬಿಟ್ಟೆ’ ಅಂತ ನನಗ ಹೇಳೇ ಬಂದಿದ್ಲು.”

ಕೆಲವು ತಿಂಗಳ ನಂತರ ವೈನಿ ರಾಣೆಬೆನ್ನೂರಿಗೆ ಮರಳಿದರು. ಮರಳಿದ ವಾರದಲ್ಲೇ ಊರ ಹುಡುಗಿಯರನ್ನು ಕೂಡಿಸಿ ಮೈದಾನಕ್ಕಿಳಿಸಿದರು. ನಾನು ಅಲ್ಲಿಗೇ ಹೋಗಿ ಕೇಳಿದೆ: “ಡಾಕ್ಟರು ಹೇಳಿದ್ದನ್ನ ನನಗ ಯಾಕ ಹೇಳಲಿಲ್ರಿ?”

ಹುಡುಗಿಯರ ಮೇಲಿಂದ ಕಣ್ಣು ತೆಗೆಯದೆ ಅವರು, “ಹೇಳಿದ್ರ ನೀ ಅವರ ಮಾತು ಹೇಳತಿದ್ದಿ,” ಎಂದರು. ಅಷ್ಟರಲ್ಲಿ ಯಾರೋ ಹುಡುಗಿ ಚೆಂಡು ಕೈಬಿಟ್ಟಳು; ಬೈಯುತ್ತ ಆ ಕಡೆ ಓಡಿದರು.

ವೈನಿ ಈಗ ಮತ್ತೆ ಊರಲ್ಲಿಲ್ಲ. ಅದೇ ಕೇರಳದ ಕ್ಲಬ್ಬು ಗೋಲ್‌ಕೀಪರುಗಳಿಗೆ ತರಬೇತಿ ಕೊಡಲು ಕರೆಸಿಕೊಂಡಿದೆ. ಈ ಸಲ ಮಗಳೂ ಜೊತೆಗೆ ಹೋಗಿದೆ. ಅವ್ವ ಮನೆ ಬಿಕೋ ಎನ್ನುತ್ತದೆ ಎನ್ನುತ್ತಾಳೆ. ಅಣ್ಣ ಅಂಗಡಿಯನ್ನು ಆಳಿಗೆ ಬಿಟ್ಟು ರೈಲಿನ ವೇಳೆ ನೋಡುತ್ತಿರುತ್ತಾನೆ.

ಮೊನ್ನೆ ಬ್ಯಾಡಗಿ ಯಾರ್ಡಿನ ಹಮಾಲರೊಬ್ಬರು ಬಂದಿದ್ದರು. ಬೆನ್ನು ಪೂರ್ತಿ ಕೆಟ್ಟಿತ್ತು. “ಮತ್ತ ಚೀಲ ಹೊರಬಹುದಲ್ರಿ, ಡಾಕ್ಟರ ಬಾಯಾರ?” ಎಂದು ಕೇಳಿದರು. ನೋಡೋಣ, ಆಗುತ್ತದೆ ಎಂಬ ಮಾತು ಬಾಯಿಗೆ ಬಂದಿತ್ತು; ಎಷ್ಟು ಸಲೀಸಾದ ಮಾತು ಅದು.

“ಇಲ್ರಿ ಕಾಕಾ. ಇನ್ನ ಹೊರಬಾರದು,” ಎಂದೆ. “ಬ್ಯಾರೆ ಏನ್ ಮಾಡಬಹುದು, ಕೂಡಿ ನೋಡೂಣು. ಕುಂದ್ರಿ.”

ಅವರು ಕೂರಲಿಲ್ಲ. ಆ ಸಣ್ಣ ಕೋಣೆಯಲ್ಲಿ ಕಿಟಕಿಗೂ ಬಾಗಿಲಿಗೂ ಅಡ್ಡಾಡತೊಡಗಿದರು. ಹೊರಗೆ ಪಾಳಿ ಉದ್ದವಿತ್ತು. ನಾನು ಯಾರನ್ನೂ ಕರೆಯಲಿಲ್ಲ. ಅವರ ತಿರುಗಾಟ ತಾನಾಗಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ.