ಮನೆಯಾಕೆ ಜಗಳವಾಡುತ್ತ ಕೇಳಿದ ಕಾದಂಬರಿ

ಡ್ರೈಯರಿನಿಂದ ಆಗತಾನೇ ತೆಗೆದ ಬಟ್ಟೆಗಳಿಗೆ ಒಂದು ಹಿತವಾದ ಬಿಸುಪಿರುತ್ತದೆ. ಅಮೆರಿಕದ ಈ ಸ್ನೊಕ್ವಾಲ್ಮಿ ಊರಿನ ಚಳಿಯಲ್ಲಿ ಆ ಬಿಸುಪಿನ ಆಸೆಗೇ ನಾನೂ ನನ್ನ ಹೆಂಡತಿ ಜಯಮ್ಮನೂ ಮಧ್ಯಾಹ್ನದ ಊಟ ಮುಗಿದ ಮೇಲೆ ಬಟ್ಟೆಯ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂರುತ್ತೇವೆ. ಆಕೆ ಮಡಿಸುತ್ತಾಳೆ, ನಾನು ಓದುತ್ತೇನೆ. ಮಡಿಸುವುದರಲ್ಲಿ ನನಗೂ ಪಾಲು ಕೊಡು ಎಂದು ಮೊದಲೊಮ್ಮೆ ಕೇಳಿದ್ದುಂಟು. ನಾನು ಮಡಿಸಿದ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಳವಾದ ಮನೆಯಲ್ಲಿ ಸಿಕ್ಕ ಸಾಕ್ಷ್ಯವನ್ನು ನೋಡುವಂತೆ ನೋಡಿ, "ನೀವು ಓದಿ" ಎಂದಳು. ಅಂದಿನಿಂದ ಕೆಲಸದ ಹಂಚಿಕೆ ಹೀಗೆಯೇ ನಿಂತಿದೆ.

ಆ ಬುಟ್ಟಿಯ ಪಕ್ಕದಲ್ಲಿ ಓದಿದ ಕಾದಂಬರಿಯೊಂದನ್ನು ನಿಮಗೆ ಶಿಫಾರಸು ಮಾಡಬೇಕೆಂದು ಈಗ ಕೂತಿದ್ದೇನೆ. ಹೆಸರು 'ಪಿಂಚಣಿಯ ಹಡಗು'. ಕೆಲಸದಿಂದ ನಿವೃತ್ತರಾದ ನಾಲ್ವರು, ಒಬ್ಬ ಪೋಸ್ಟ್ ಮಾಸ್ಟರು, ಒಬ್ಬ ಗಣಿತದ ಮೇಷ್ಟ್ರು, ಒಬ್ಬ ನರ್ಸಮ್ಮ, ಒಬ್ಬ ಬಸ್ ಕಂಡಕ್ಟರಮ್ಮ, ಇನ್ನು ಮುಂದೆ ಮೊಮ್ಮಕ್ಕಳ ಮೂಗು ಒರೆಸುತ್ತ ಕೂರಲಾರೆವೆಂದು ಪೋರ್ಚುಗಲ್ಲಿನ ಒಂದು ಕಡಲೂರಿಗೆ ಹೋಗಿ, ಮುಚ್ಚಿಹೋಗಿದ್ದ ಬೇಕರಿಯೊಂದನ್ನು ಬಾಡಿಗೆಗೆ ಹಿಡಿದು ಹೊಸದಾಗಿ ಬದುಕು ಹೂಡುವ ಕಥೆ. ಸಾವಿಲ್ಲ, ಕೊಲೆಯಿಲ್ಲ, ಕಣ್ಣೀರು ಬಂದರೂ ಈರುಳ್ಳಿ ಹೆಚ್ಚುವಾಗ ಬಂದಷ್ಟೇ. ನಾನು ಮೂವತ್ತನಾಲ್ಕು ವರ್ಷ ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಲೋಕದ ಅತಿ ಗಂಭೀರ ಗ್ರಂಥಗಳನ್ನೆಲ್ಲ ಅಲ್ಪಪ್ರಾಣ ಮಹಾಪ್ರಾಣಗಳ ಮಟ್ಟದಲ್ಲಿ ಬಲ್ಲವನು. ಅಂಥವನು ಇಷ್ಟು ಹಗುರವಾದ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಏಕೆಂದು ನೀವು ಕೇಳಿದರೆ ಜಯಮ್ಮನ ಕಥೆಯನ್ನೇ ಹೇಳಬೇಕಾಗುತ್ತದೆ.

ಜಯಮ್ಮ ಮಂಡ್ಯದ ಕಡೆಯ ಹಳ್ಳಿಯ ಹೆಣ್ಣುಮಗಳು. ಹೆಂಗಸರು ಖಾಕಿ ತೊಟ್ಟರೆ ಜನ ನಿಂತು ನೋಡುತ್ತಿದ್ದ ಕಾಲದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಅದರಲ್ಲಿ ಹದಿನೆಂಟು ವರ್ಷ ಮೈಸೂರಿನ ಸಂಚಾರ ವಿಭಾಗದಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಬಿಸಿಲಿಗೆ ಮುಖವೊಡ್ಡಿ ನಿಂತವಳು. ನಾವಿಬ್ಬರೂ ನಿವೃತ್ತರಾದ ಮೇಲೆ, ಇಲ್ಲಿಗೆ ಹತ್ತಿರದ ಫ್ಯಾಕ್ಟೋರಿಯಾ ಎಂಬ ಊರಿನಲ್ಲಿ ಕೆಲಸ ಮಾಡುವ ಮಗಳು ಸುಮಾ ಕಾಗದಪತ್ರಗಳನ್ನೆಲ್ಲ ಸರಿಪಡಿಸಿ ನಮ್ಮನ್ನು ಇಲ್ಲಿಗೇ ಖಾಯಮ್ಮಾಗಿ ಕರೆಸಿಕೊಂಡಳು. ನಾವು ಸಂತೋಷದಿಂದಲೇ ಬಂದೆವು. ನನಗೇನೂ ತೊಂದರೆಯಾಗಲಿಲ್ಲ, ಪುಸ್ತಕವಿದ್ದರೆ ನಾನು ಎಲ್ಲಿಟ್ಟರೂ ಇರುವ ಪ್ರಾಣಿ. ಜಯಮ್ಮ ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಬೀದಿ ನೋಡುತ್ತಿದ್ದಳು. ಇಲ್ಲಿನ ಬೀದಿಯಲ್ಲಿ ನೋಡುವುದೇನಿದೆ? ಒಮ್ಮೆ ಕೇಳಿದೆ.

"ಸಿಗ್ನಲ್ ಹಾಕ್ದೆ ತಿರುಗ್ಸೋರ್ನ ಲೆಕ್ಕ ಹಾಕ್ತಾ ಇವ್ನಿ" ಎಂದಳು. "ಬೆಳಗಿಂದ ಹನ್ನೊಂದು ಜನ."

ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ವೃತ್ತಿ ಬಿಟ್ಟರೂ ಪ್ರವೃತ್ತಿ ಬಿಡದವಳನ್ನು ನಿವೃತ್ತಳೆಂದು ಕರೆಯುವುದು ಹೇಗೆ? ಅಚ್ಚಿನ ತಪ್ಪಾಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಬಿಡುತ್ತಿದ್ದೆ. ನನ್ನ ಕೈಲಿದ್ದದ್ದು ಓದುವುದೊಂದೇ, ಹಾಗಾಗಿ ಓದಿ ಹೇಳತೊಡಗಿದೆ. ಗಂಭೀರವಾದ ಎರಡು ಕಾದಂಬರಿಗಳಿಗೆ ಆಕೆ ನಿದ್ದೆಹೋದಳು. ಮೂರನೆಯದಾಗಿ 'ಪಿಂಚಣಿಯ ಹಡಗು' ಬಂತು.

ಅದಕ್ಕೆ ಆಕೆ ನಿದ್ದೆಹೋಗಲಿಲ್ಲ, ಜಗಳಕ್ಕೆ ನಿಂತಳು. ಮೇಷ್ಟ್ರು ಬೇಕರಿಯ ಒಲೆಯ ಬಿಸಿಯನ್ನು ಸೂತ್ರ ಹಾಕಿ ಗುಣಿಸಿ, ಮೊದಲ ದಿನದ ಬ್ರೆಡ್ಡನ್ನೆಲ್ಲ ಇಟ್ಟಿಗೆ ಮಾಡಿದಾಗ, "ಮೊದ್ಲು ಒಂದೇ ಒಂದು ಸುಟ್ಟು ನೋಡ್ಬಾರ್ದಾ" ಎಂದಳು. ಪೋಸ್ಟ್ ಮಾಸ್ಟರು ಆ ಊರಿನ ಭಾಷೆ ಕಲಿಯಲು ಮನೆಮನೆಯ ಬಾಗಿಲ ಹೆಸರುಗಳನ್ನು ಓದುತ್ತ ಅಲೆದು, ಊರಿನವರು ಅನುಮಾನಪಟ್ಟು ಹಿಂಬಾಲಿಸುವ ಕಡೆ, "ಹಿಂಬಾಲಿಸ್ದೇ ಇರ್ತಾರಾ, ನಾನಾಗಿದ್ರೂ ಹಿಡ್ಕೊಂಡು ಹೋಗ್ತಿದ್ದೆ" ಎಂದು ಊರಿನವರ ಪಕ್ಷ ವಹಿಸಿದಳು. ಲೇಖಕಿ ಎದುರಿಗಿದ್ದಿದ್ದರೆ ವಿಚಾರಣೆಯೇ ನಡೆದುಹೋಗುತ್ತಿತ್ತು. ಆದರೆ ಪ್ರತಿ ಮಧ್ಯಾಹ್ನ ಬುಟ್ಟಿ ತಂದಿಟ್ಟು, ಒಣಗಿಸಲು ಬಟ್ಟೆಯಿಲ್ಲದ ದಿನ ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುತ್ತ, "ಓದಿ" ಎನ್ನುತ್ತಿದ್ದಳು.

ಕಂಡಕ್ಟರಮ್ಮನ ಅಧ್ಯಾಯ ಬಂತು. ಆಕೆ ಆ ಊರಿನ ಟ್ರಾಮಿನಲ್ಲಿ ಹೋಗುವಾಗ ಬಾಗಿಲ ಬಳಿ ಜನ ಗುಂಪುಗಟ್ಟಿ ನಿಂತಿರುವುದನ್ನು ನೋಡಿ ತಡೆಯಲಾರದೆ, ಅಚ್ಚಗನ್ನಡದಲ್ಲಿ "ಒಳಗೆ ನಡೀರಿ, ಒಳಗೆ ಖಾಲಿ ಇದೆ" ಎಂದು ಕೂಗುತ್ತಾಳೆ. ಭಾಷೆ ತಿಳಿಯದಿದ್ದರೂ ಇಡೀ ಟ್ರಾಮು ಒಳಗೆ ಸರಿಯುತ್ತದೆ. ವಾರದೊಳಗೆ ಟ್ರಾಮಿನವರು ಆಕೆಯನ್ನು ಹುಡುಕಿಕೊಂಡು ಬಂದು ಕೆಲಸಕ್ಕೆ ಕರೆಯುತ್ತಾರೆ. ನಾನು ರಸವತ್ತಾಗಿ ಓದಿ ತಲೆಯೆತ್ತಿದರೆ, ಜಯಮ್ಮ ಕೈಯಲ್ಲಿ ಒಂಟಿ ಕಾಲುಚೀಲ ಹಿಡಿದು ಕೂತಿದ್ದಳು.

"ಸುಳ್ಳು ಬರ್ದವ್ರೆ" ಎಂದಳು. "ಭಾಷೆ ಬರ್ದೋಳಿಗೆ, ಅರವತ್ತು ದಾಟಿದೋಳಿಗೆ ಯಾರ್ ಕೊಟ್ಟಾರು ಕೆಲ್ಸ? ಇಂಥದ್ನೆಲ್ಲ ಬರ್ದು ಮನುಷ್ರಿಗೆ ಆಸೆ ಹುಟ್ಟುಸ್ಬಾರ್ದು."

ಎದ್ದು ಹೋದಳು. ಅದಾದ ಮೇಲೆ ನಾಲ್ಕು ದಿನ ಬುಟ್ಟಿಯೂ ಬರಲಿಲ್ಲ, ಪುಸ್ತಕವೂ ತೆರೆಯಲಿಲ್ಲ. ಆಸೆ ಎಂಬ ಮಾತನ್ನು ಆಕೆಯ ಬಾಯಿಂದ ಕೇಳಿ ಅದೆಷ್ಟೋ ಕಾಲವಾಗಿತ್ತೆಂದು ನನಗೆ ಆಗ ಹೊಳೆಯಿತು.

ಐದನೆಯ ದಿನ ಬೆಳಿಗ್ಗೆ ಇಬ್ಬರೂ ಮೊಮ್ಮಗಳು ಅನಘಳನ್ನು ಶಾಲೆಗೆ ಬಿಡಲು ನಡೆದು ಹೋದೆವು. ಗುಡ್ಡದ ಮೇಲೆ ಮಂಜು ಇಳಿದಿತ್ತು. ಶಾಲೆಯ ಮುಂದಿನ ದಾಟುಪಟ್ಟೆಯಲ್ಲಿ ಮಕ್ಕಳನ್ನು ದಾಟಿಸಲು ಪ್ರತಿದಿನ ನಿಲ್ಲುತ್ತಿದ್ದ ಮುದುಕರು ಅಂದು ಬಂದಿರಲಿಲ್ಲ. ಕಾರುಗಳು ಎರಡು ಕಡೆಯಿಂದಲೂ ಮೂಗು ತೂರಿಸುತ್ತಿದ್ದವು. ಇಪ್ಪತ್ತು ಮಕ್ಕಳು ಪಾದಚಾರಿ ದಾರಿಯ ಅಂಚಿನಲ್ಲಿ ಮುಂದೆ ಹಿಂದೆ ತೂಗಾಡುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಜಯಮ್ಮ ಪಕ್ಕದಲ್ಲಿರಲಿಲ್ಲ. ನೋಡಿದರೆ ರಸ್ತೆಯ ನಡುವೆ, ಸೀರೆಯ ಮೇಲೆ ಮಗಳ ಹಳೆಯ ಜಾಕೆಟ್ಟು ತೊಟ್ಟು, ಎಡಗೈಯನ್ನು ಅಡ್ಡ ಚಾಚಿ, ಬಲಗೈಯನ್ನು ಮುಂದೆ ಹಿಡಿದು ನೆಟ್ಟಗೆ ನಿಂತಿದ್ದಳು. ಎರಡು ಸಾಲು ಕಾರುಗಳೂ ನಿಂತವು. ಮಕ್ಕಳು ದಾಟಿದರು. ಆಕೆ ತಿರುಗಿ, ಒಂದು ಸಾಲನ್ನು ಬಿಟ್ಟು, ಇನ್ನೊಂದನ್ನು ತಡೆದು, ಮತ್ತೆ ಮಕ್ಕಳನ್ನು ದಾಟಿಸಿದಳು. ಕಾಲು ಗಂಟೆ ಅಲ್ಲಿ ಹಾರನ್ನಿಲ್ಲ, ಗೊಂದಲವಿಲ್ಲ. ಶಾಲೆಯ ಕಚೇರಿಯಿಂದ ಒಬ್ಬಾಕೆ ಓಡಿ ಬಂದು, ಬಹಳ ವಿನಯದಿಂದ, ಅನುಮತಿಯಿಲ್ಲದೆ ಹಾಗೆ ರಸ್ತೆಗಿಳಿಯಬಾರದೆಂದು ಹೇಳಿದಳು. ನಾನು ಕ್ಷಮೆ ಕೇಳಿದೆ. ಜಯಮ್ಮ ಕೇಳಲಿಲ್ಲ.

ಸಂಜೆ ಸುಮಾಳಿಗೆ ವಿಷಯ ತಿಳಿಯಿತು.

"ಅಮ್ಮಾ, ಇಲ್ಲಿ ಹಾಗೆಲ್ಲ ಮಾಡಂಗಿಲ್ಲ. ಏನಾದ್ರೂ ಆಗಿದ್ರೆ? ಯಾರಾದ್ರೂ ಪೊಲೀಸ್‌ಗೆ ಕಾಲ್ ಮಾಡಿದ್ರೆ ಏನ್ ಮಾಡ್ತಿದ್ದೆ?"

"ನಾನೂ ಪೊಲೀಸೇ ಅಂತಿದ್ದೆ" ಎಂದಳು ಜಯಮ್ಮ. ದನಿಯಲ್ಲಿ ಜಂಬವಿರಲಿಲ್ಲ, ವಿಳಾಸ ಹೇಳುವಂತೆ ಹೇಳಿದಳು.

ಖಾಕಿಯ ಹೆಗಲ ಮೇಲೆ ಕೂತು ಬೆಳೆದ ಮಗು ಸುಮಾ. ಮಾರನೆಯ ದಿನ ತಾನೇ ಶಾಲೆಗೆ ಹೋಗಿ ವಿಚಾರಿಸಿಕೊಂಡು ಬಂದಳು. ಆ ಮುದುಕರು ಮಂಡಿ ನೋವಿಗೆ ಕೆಲಸ ಬಿಟ್ಟಿದ್ದರು, ಜಾಗ ಖಾಲಿಯಿತ್ತು. ಮಗಳು ಈ ಸುದ್ದಿ ಹೇಳಿದ ಮಧ್ಯಾಹ್ನವೇ ಬುಟ್ಟಿ ಮತ್ತೆ ಬಂತು.

"ಆ ಕಂಡಕ್ಟರಮ್ಮಂಗೆ ಮುಂದೇನಾಯ್ತು, ಓದಿ" ಎಂದಳು.

ಸಂದರ್ಶನಕ್ಕೆ ಮೂರು ವಾರ ತಯಾರಿ ನಡೆಯಿತು. ಅನಘಾ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಳು, ಜಯಮ್ಮ ಉತ್ತರಿಸುವಳು, ನಾನು ಕರಡು ತಿದ್ದುವವನಂತೆ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಳ್ಳುವೆ. ಮಕ್ಕಳ ನಡುವೆ ಕೆಲಸ ಮಾಡುವವರೆಲ್ಲ ಬೆರಳಚ್ಚು ಕೊಡಬೇಕೆಂದಾಗ ಆಕೆ ಮನಸಾರೆ ನಕ್ಕಳು. ಎಷ್ಟೋ ಜನರ ಬೆರಳು ಹಿಡಿದು ಒತ್ತಿಸಿದವಳಿಗೆ ತನ್ನದನ್ನು ಯಾರೋ ಹಿಡಿದು ಒತ್ತಿಸುವುದು ಅದೇ ಮೊದಲು. ಸಂದರ್ಶನದಲ್ಲಿ ಕಲಿತದ್ದೆಲ್ಲ ಮರೆತುಹೋಯಿತಂತೆ. ಕಾರಿನವನು ನಿಲ್ಲಿಸದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಒಂದು ಪದವೂ ನಾಲಿಗೆಗೆ ಬಾರದೆ, ಎದ್ದು ನಿಂತು, ಮಕ್ಕಳನ್ನು ಬೆನ್ನ ಹಿಂದೆ ಸರಿಸುವಂತೆ ಒಂದು ಕೈ ಹಿಂದಕ್ಕೆ ಚಾಚಿ, ಇನ್ನೊಂದನ್ನು ಮುಂದಕ್ಕೆ ಎತ್ತಿ ಹಿಡಿದಳಂತೆ. ಕೂತಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಕೆಲಸ ಸಿಕ್ಕಿತು.

ಮೊದಲ ದಿನ, ಕೊಟ್ಟಿದ್ದ ಹಳದಿ ಮೇಲಂಗಿಗೆ ಇಸ್ತ್ರಿ ಹಾಕಲು ಹೋಗಿ ಅದರ ಒಂದು ತುದಿಯನ್ನು ಕರಗಿಸಿಬಿಟ್ಟಳು. ಖಾಕಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕೈಗೆ ಪ್ಲಾಸ್ಟಿಕ್ಕಿನ ಸಮವಸ್ತ್ರದ ಸ್ವಭಾವ ಗೊತ್ತಿರಲಿಲ್ಲ. ಆ ಕರಗಿದ ತುದಿಯನ್ನು ಒಳಗೆ ಮಡಿಸಿ ಹೊಲಿದು, ಕೆಂಪು ಫಲಕ ಹಿಡಿದು ನಡೆದವಳನ್ನು ನಾನು ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ನೋಡಿದೆ. ಮೈಸೂರಿನಲ್ಲಿ ಎಷ್ಟೋ ಸಲ ಆಕೆ ನಿಲ್ಲುತ್ತಿದ್ದ ವೃತ್ತವನ್ನು ಸೈಕಲ್ಲಿನಲ್ಲಿ ದಾಟಿದವನು ನಾನು. ಒಮ್ಮೆಯೂ ಇಳಿದು ನಿಂತು ಆಕೆಯನ್ನು ನೋಡಿರಲಿಲ್ಲ. ಹೆಂಡತಿ ಬಿಸಿಲಲ್ಲಿ ನಿಂತಿದ್ದಾಳೆಂಬ ಸಂಕೋಚಕ್ಕೋ, ಪರಿಚಯದವರು ನೋಡಿಯಾರೆಂಬ ಅಳುಕಿಗೋ, ಬೇಗ ಬೇಗ ತುಳಿದುಬಿಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಇಷ್ಟು ದೂರ ಬರಬೇಕಾಯಿತು.

ಜನವರಿಯ ಒಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಶಾಲೆಯ ಕಟ್ಟಡವೇ ಕಾಣುತ್ತಿರಲಿಲ್ಲ. ಇಬ್ಬರು ಹುಡುಗಿಯರನ್ನು ದಾಟಿಸುತ್ತಿದ್ದಾಗ ತಿರುವಿನಿಂದ ಒಂದು ಕಾರು ವೇಗ ತಗ್ಗಿಸದೆ ಬಂತು. ಜಯಮ್ಮ ಓಡಲಿಲ್ಲ. ಮಕ್ಕಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು, ಫಲಕ ಎತ್ತಿ, ಸೀಟಿ ಊದಿದಳು. ಹದಿನೆಂಟು ವರ್ಷ ಲಾರಿಗಳನ್ನು ನಿಲ್ಲಿಸಿದ ಸೀಟಿ ಅದು. ಕಾರು ಕೀರಲುಗುಟ್ಟಿ ಆಕೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. ನಾನು ಎದುರು ಬದಿಯಲ್ಲಿದ್ದೆ. ಆಕೆ ಮೊದಲು ಮಕ್ಕಳನ್ನು ದಾಟಿಸಿ ಬಿಟ್ಟು ಬಂದಳು, ಆಮೇಲೆ ಕಾರಿನ ಕಿಟಕಿಯ ಬಳಿ ಹೋದಳು. ಬೈಯುತ್ತಾಳೆಂದುಕೊಂಡೆ. ಒಳಗಿದ್ದ ತರುಣಿ ಸ್ಟಿಯರಿಂಗ್ ಹಿಡಿದು ನಡುಗುತ್ತಿದ್ದಳು. ಜಯಮ್ಮ ಆಕೆಯ ಭುಜದ ಮೇಲೆ ಕೈಯಿಟ್ಟು, ತನಗೆ ಬರುವ ಇಂಗ್ಲಿಷಿನಲ್ಲಿ "ಸ್ಲೋ, ಮಗ, ಸ್ಲೋ. ಡ್ರಿಂಕ್ ವಾಟರ್" ಎಂದಳು. ಆಕೆ ನೀರು ಕುಡಿಯುವವರೆಗೂ ನಿಂತಿದ್ದು, ಆಮೇಲೆ ಕೈ ಬೀಸಿ ಕಳಿಸಿಕೊಟ್ಟಳು.

ಅಂದಿನಿಂದ ಅಲ್ಲಿನ ಮಕ್ಕಳಿಗೆಲ್ಲ ಆಕೆ 'ಮಿಸೆಸ್ ಜಯಾ'. ಮೊನ್ನೆ ಕಣಿವೆಯಿಂದ ಮೇಲೆ ಬಂದ ಕಡವೆಯಂಥ ಎಲ್ಕ್ ಜಿಂಕೆಗಳ ಹಿಂಡೊಂದು ಅದೇ ಜಾಗದಲ್ಲಿ ರಸ್ತೆಗಿಳಿದಾಗ ಅವನ್ನೂ ಸಾಲಾಗಿ ದಾಟಿಸಿದಳೆಂದು ಅನಘಾ ಹೇಳುತ್ತಾಳೆ. "ಅಜ್ಜಿ ಈಸ್ ದ ಬಾಸ್ ಆಫ್ ದ ರೋಡ್" ಎನ್ನುವುದು ಅವಳ ಷರಾ. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲ.

ಟೋಟೆಮ್ ಲೇಕ್ ಎಂಬ ಬಡಾವಣೆಯ ಹತ್ತಿರದ ಒಬ್ಬರ ಮನೆಯಲ್ಲಿ ಕನ್ನಡಿಗರು ತಿಂಗಳಿಗೊಮ್ಮೆ ಸೇರಿ ಪುಸ್ತಕಗಳ ಬಗ್ಗೆ ಮಾತಾಡುತ್ತಾರೆ. ಈ ಸಲದ ಸರದಿ ನನ್ನದಾಗಿತ್ತು. 'ಪಿಂಚಣಿಯ ಹಡಗು' ಹಿಡಿದು ಹೋಗಿ ಅರ್ಧ ಗಂಟೆ ಮಾತಾಡಿದೆ. ಮುಗಿದ ಮೇಲೆ ಮನೆಯ ಯಜಮಾನರು, ಒಳ್ಳೆಯ ಓದುಗರಾದ ತರುಣ, ಅಳೆದು ತೂಗಿ ಹೇಳಿದರು:

"ಚೆನ್ನಾಗಿ ಹೇಳಿದ್ರಿ ಸರ್. ಆದ್ರೆ ನಂಗೆ ಸ್ವಲ್ಪ ಲೈಟ್ ಅನ್ಸುತ್ತೆ. ಎಲ್ಲಾರ್ಗೂ ಎಲ್ಲಾನೂ ಸಲೀಸಾಗಿ ಸಿಕ್ಬಿಡುತ್ತೆ. ಲೈಫ್ ಹಾಗಿರಲ್ವಲ್ಲ."

ನಾನು ವಿಮರ್ಶೆಯ ಭಾಷೆಯಲ್ಲಿ ಏನೋ ಸಮಜಾಯಿಷಿ ಹುಡುಕುತ್ತಿದ್ದೆ. ಗೋಡೆಗೊರಗಿ ಕೂತಿದ್ದ ಜಯಮ್ಮ ಬಾಯಿ ತೆರೆದಳು.

"ದಿಟ ಕಣಪ್ಪ. ನಾನೂ ಹಂಗೇ ಅಂದಿದ್ದೆ. ನಾಲ್ಕು ದಿನ ಸಿಟ್ಟು ಮಾಡ್ಕೊಂಡು ಕೂತಿದ್ದೆ. ಸಲೀಸಾಗಿ ಸಿಗಕಿಲ್ಲ ಅಂತ ಎಲ್ಲಾರ್ಗೂ ಗೊತ್ತು, ಅದ್ನ ಬರಿಯಕ್ಕೆ ಪುಸ್ತಕ ಯಾಕೆ? ಸಿಗಬೌದು ಅಂತ ಒಬ್ರು ಹೇಳ್ಬೇಕಲ್ವಾ."

ಆ ತರುಣ ತಲೆಯಾಡಿಸಿ ಮುಗುಳ್ನಕ್ಕರು. ಹತ್ತಾರು ವಿಮರ್ಶಾಗ್ರಂಥಗಳ ಕರಡು ತಿದ್ದಿದ ನನಗೆ ಇಷ್ಟು ಅಚ್ಚುಕಟ್ಟಾದ ವಾಕ್ಯ ಅವುಗಳಲ್ಲೆಲ್ಲೂ ಸಿಕ್ಕಿದ ನೆನಪಿಲ್ಲ. ಅದನ್ನು ಆಡಿದವಳು ನನ್ನ ಹೆಂಡತಿಯೆಂಬ ಹೆಮ್ಮೆಗೆ ನಾನು ಅಲ್ಲಿಯೇ, ಎಲ್ಲರೆದುರಿಗೆ, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಅಷ್ಟು ಹೊತ್ತೂ ಮೂಲೆಯಲ್ಲಿ ಮೌನವಾಗಿ ಕೂತಿದ್ದ, ನಮ್ಮದೇ ವಯಸ್ಸಿನ ಒಬ್ಬ ಹೆಂಗಸು ಜಯಮ್ಮನ ಬಳಿ ಬಂದರು. ಆ ತರುಣರ ಹೆಂಡತಿಯ ತಾಯಿ, ಪದ್ಮಾವತಿ ಎಂದು ಹೆಸರು ಹೇಳಿಕೊಂಡರು. ಹಾಸನದ ಹತ್ತಿರದ ಒಂದು ಊರಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿ, ಈಗ ಇಲ್ಲಿಯೇ ನೆಲೆಸಲು ಬಂದು ಎಂಟು ತಿಂಗಳಾಗಿತ್ತಂತೆ. ದನಿ ತಗ್ಗಿಸಿ ಕೇಳಿದರು:

"ನಂಗೆ ಮಕ್ಕಳನ್ನ ಸುಮ್ಮನಿರಿಸೋದು ಬಿಟ್ರೆ ಬೇರೇನೂ ಬರಲ್ಲ. ಇಂಗ್ಲಿಷಂತೂ ಇಲ್ವೇ ಇಲ್ಲ. ಈ ವಯಸ್ಸಲ್ಲಿ ಕೆಲ್ಸ ಕೇಳಿದ್ರೆ ನಗ್ತಾರೇನೋ."

ಜಯಮ್ಮ ನನ್ನ ಕಂಕುಳಿಂದ ಪುಸ್ತಕವನ್ನು ಎಳೆದುಕೊಂಡು, ನನ್ನನ್ನು ಒಂದು ಮಾತೂ ಕೇಳದೆ, ಅವರ ಕೈಗಿಟ್ಟಳು. ಹಿಂದಿನ ಪುಟದಲ್ಲಿ ತನ್ನ ಫೋನ್ ನಂಬರನ್ನು ದೊಡ್ಡ ಅಂಕಿಗಳಲ್ಲಿ ಬರೆದುಕೊಟ್ಟಳು.

"ಓದಿ" ಎಂದಳು. "ನಡುವೆ ಒಂದು ಕಡೆ ಸಿಟ್ಟು ಬತ್ತದೆ. ಬಂದ ದಿನ ನಂಗೆ ಫೋನ್ ಮಾಡಿ."