ಮೂವತ್ತೇಳು ಸೆಕೆಂಡು

ನಾನು ನಿಂತಿದ್ದುದು ಗಾಡಿಯ ಒಳಗೆ, ಚಾಲಕರ ಸೀಟಿನ ಹಿಂದೆ, ಒಂದು ಮೊಳದಷ್ಟು ಎಡಕ್ಕೆ. ಮಾಡು ತಗ್ಗಾಗಿದ್ದರಿಂದ ಕುತ್ತಿಗೆ ಬಗ್ಗಿಸಿ, ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದಿದ್ದೆ. ಎಡಗೈ ಲ್ಯಾಪ್‌ಟಾಪಿನ ಮೇಲಿತ್ತು. ಗಾಡಿ ನಿಂತಿದ್ದುದು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಇಳಿಜಾರಿನ ನೆತ್ತಿಯಲ್ಲಿ, ಮೂತಿ ಸೊರಬದ ಕಡೆಗೆ. ಗುರುವಾರ. ಮೆಕ್ಕೆಜೋಳ ಬಿಡಿಸಿ ರಸ್ತೆಗೆ ಹರಡುವ ಕಾಲ. ನನ್ನ ಕೈಗಡಿಯಾರದಲ್ಲಿ ಸಂಜೆ ನಾಲ್ಕು ಗಂಟೆ ಒಂಬತ್ತು ನಿಮಿಷ ಇಪ್ಪತ್ತೈದು ಸೆಕೆಂಡು ಆಗಿತ್ತು. ಬೆಳಿಗ್ಗೆಯೇ ಅದನ್ನು ಫೋನಿನ ಗಡಿಯಾರಕ್ಕೆ ಸರಿಹೊಂದಿಸಿಕೊಂಡಿದ್ದೆ.

ಇಷ್ಟನ್ನು ಮೊದಲೇ ಬರೆಯುವುದಕ್ಕೆ ಕಾರಣವಿದೆ. ನಾನು ನಿಂತಲ್ಲಿಂದ ಚಾಲಕರ ಬಲಗಾಲು ಮೊಣಕಾಲಿನಿಂದ ಕೆಳಗೆ ಪೂರ್ತಿ ಕಾಣುತ್ತಿತ್ತು. ಅವರು ಬ್ರೇಕ್ ಒತ್ತಿದರೋ ಇಲ್ಲವೋ ಎಂಬುದರ ಮೇಲೆ ಅವರ ಲೈಸೆನ್ಸು, ಅವರ ಮರ್ಯಾದೆ, ಅವರು ಜೈಲಿನ ಹೊರಗೆ ಇರುವುದು, ಎಲ್ಲವೂ ನಿಂತಿದೆ.

ನಾನು ಶಿಕಾರಿಪುರದಲ್ಲೇ ಹುಟ್ಟಿ ಓದಿದವನು. ಸರಕು ಸಾಗಿಸುವ ಸಣ್ಣ ಬ್ಯಾಟರಿ ಗಾಡಿ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಹೊಸ ಗಾಡಿಯ ಪರೀಕ್ಷೆಗೆ ಏರು, ಇಳಿಜಾರು, ತಿರುವು ಇರುವ ರಸ್ತೆ ಬೇಕು ಎಂದಾಗ ಈ ರಸ್ತೆಯ ಹೆಸರು ಹೇಳಿದವನು ನಾನೇ. ಗಾಡಿಯ ಮುಂದಿನ ಚಕ್ರಗಳಿಗೆ ಎಲ್ಲ ಗಾಡಿಗಳಂತೆ ಎಣ್ಣೆಯ ಬ್ರೇಕು. ಹಿಂದಿನ ಚಕ್ರಗಳದು ಮಾತ್ರ ಹೊಸದು. ಪೆಡಲ್ ಒತ್ತಿದರೆ ಒಂದು ಸಂದೇಶ ವೈರಿನಲ್ಲಿ ಹಿಂದಕ್ಕೆ ಹೋಗಿ, ಅಲ್ಲಿನ ಮೋಟಾರು ಚಕ್ರವನ್ನು ಹಿಡಿಯುತ್ತದೆ. ಅದೇ ವೈರಿನಲ್ಲಿ ಕ್ಯಾಮೆರಾದ ಚಿತ್ರಗಳೂ ಓಡಾಡುತ್ತವೆ. ಅವು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಲು ಮುಂದೊಂದು ಹಿಂದೊಂದು ಪೆಟ್ಟಿಗೆ ಇವೆ. ಸ್ವಿಚ್ ಅಂತ ಕರೆಯುತ್ತೇವೆ.

ಕೆರೆಯ ನೀರನ್ನು ನೀರುಗಂಟಿ ಸರದಿಯ ಪ್ರಕಾರ ಬಿಡುವುದನ್ನು ನೋಡಿದವರಿಗೆ ಈ ಪೆಟ್ಟಿಗೆಗಳ ಕೆಲಸ ಅರ್ಥವಾಗುತ್ತದೆ. ಇವನ ಗದ್ದೆಗೆ ಇಷ್ಟು ಹೊತ್ತು, ಆಮೇಲೆ ಅವನ ಗದ್ದೆಗೆ. ಪೆಟ್ಟಿಗೆಯಲ್ಲಿ ಅಂಥ ಒಂದು ಸುತ್ತು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಎರಡೂ ಪೆಟ್ಟಿಗೆಗಳು ಒಂದೇ ಸರದಿ ಪಟ್ಟಿ ಹಿಡಿದಿರಬೇಕು. ಮೇಲಿನ ನೀರುಗಂಟಿ ಹೊಸ ಪಟ್ಟಿಯ ಪ್ರಕಾರ ಬಿಟ್ಟು, ಕೆಳಗಿನವನು ಹಳೇ ಪಟ್ಟಿ ಹಿಡಿದು ಕೂತರೆ, ಬಂದ ನೀರು ಮುಚ್ಚಿದ ತೂಬಿನ ಮುಂದೆ ನಿಲ್ಲುತ್ತದೆ. ಆ ಪಟ್ಟಿ ಬರೆದು ಪೆಟ್ಟಿಗೆಗಳಿಗೆ ತುಂಬುವುದು ನನ್ನ ಕೆಲಸ.

ಆ ದಿನ ಹಿಂದಿನ ಕ್ಯಾಮೆರಾದ ಚಿತ್ರ ಒಡೆದೊಡೆದು ಬರುತ್ತಿತ್ತು. ರಸ್ತೆಯ ಅರ್ಧಕ್ಕೆ ಹರಡಿದ ಜೋಳ ಪರದೆಯಲ್ಲಿ ಹಳದಿ ಚೌಕಗಳಾಗಿ ಕಾಣುತ್ತಿತ್ತು. ಕ್ಯಾಮೆರಾಕ್ಕೆ ಇನ್ನಷ್ಟು ಹೊತ್ತು ಕೊಟ್ಟು, ಬ್ರೇಕಿನ ಸಂದೇಶವನ್ನು ಸರದಿ ಪಟ್ಟಿಯ ಬೇರೆ ಸಾಲಿಗೆ ಹಾಕಿದರೆ ಸರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಇಂಥ ಬದಲಾವಣೆಯನ್ನು ಯಾವಾಗಲೂ ಕಂಪನಿಯ ಶೆಡ್ಡಿನಲ್ಲೇ ಮಾಡುತ್ತಿದ್ದೆವು. ಶೆಡ್ಡಿಗೆ ಹೋಗಿ ಬರುವಷ್ಟರಲ್ಲಿ ಬೆಳಕು ಹೋಗುತ್ತದೆ ಎಂದು ಗಾಡಿಯನ್ನು ಅಲ್ಲೇ ನಿಲ್ಲಿಸಲು ಹೇಳಿದೆ.

ಗಾಡಿ ನಿಂತ ಜಾಗದಲ್ಲಿ ಇಬ್ಬರು ಹೆಂಗಸರಿದ್ದರು, ಅಣ್ಣತಮ್ಮಂದಿರ ಹೆಂಡಿರು. ಇಳಿಜಾರಿನ ಉದ್ದಕ್ಕೂ ಅವರದೇ ಜೋಳ. ದೊಡ್ಡಾಕೆ ಕಾಲಿನಲ್ಲಿ ಗೆರೆ ಎಳೆಯುತ್ತಾ ಕಾಳು ಮಗುಚುತ್ತಿದ್ದರು. ಚಿಕ್ಕಾಕೆ ಅಂಚಿಗೆ ಕಲ್ಲು ಇಡುತ್ತಿದ್ದರು.

"ಏನ್ರಿ ಇದು, ಸದ್ದೇ ಇಲ್ದಂಗ ಬಂದು ನಿಂತೈತಿ," ಎಂದರು ದೊಡ್ಡಾಕೆ. "ಎತ್ತಿಗಾದ್ರೂ ಗೆಜ್ಜೆ ಇರ್ತಾವ. ಇದಕ್ಕೂ ಒಂದ್ ಜೊತೆ ಕಟ್ರಿ."

ಚಾಲಕರು ಕಿಟಕಿಯಿಂದ ತಲೆ ಹಾಕಿದರು. ಅವರು ಸೊರಬ ತಾಲ್ಲೂಕಿನ ಜಡೆ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. "ನೀವೇ ತಂದ್ಕೊಡಿ ಅಕ್ಕಾ, ಕಟ್ಟಿಸ್ತೀನಿ."

"ನಿನ್ ಕಾಲಿಗೇ ಕಟ್ತೀನಿ ತಗಾ. ಕುಣ್ಕಂತ ಹೋಗು ಸೊರಬಕ್ಕ."

ಚಿಕ್ಕಾಕೆ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ದೊಡ್ಡಾಕೆ ಹಾಗೇ ಕಾಲೆಳೆಯುತ್ತಾ ಇಳಿಜಾರಿನಲ್ಲಿ ಕೆಳಗೆ ಹೋದರು.

ನಾನು ಹೊಸ ಪಟ್ಟಿ ತುಂಬಿದೆ. ಪಟ್ಟಿ ತುಂಬಿದ ಕೂಡಲೇ ಜಾರಿಗೆ ಬರುವುದಿಲ್ಲ. ಯಾವ ಹೊತ್ತಿನಿಂದ ಎಂದು ಬರೆಯಬೇಕು. ಎರಡೂ ಪೆಟ್ಟಿಗೆಗೆ ನಾಲ್ಕು ಗಂಟೆ ಹತ್ತು ನಿಮಿಷ ಎಂದು ಬರೆದೆ. ಪೆಟ್ಟಿಗೆಗಳು ಬೇರೆ ಬೇರೆ ಕಡೆ ತಯಾರಾದವು, ಪಟ್ಟಿ ತುಂಬುವ ಸಾಫ್ಟ್‌ವೇರ್ ಸಾಧನಗಳೂ ಬೇರೆ. ಚಾಲಕರಿಗೆ, "ಹತ್ತಾಗಲಿ ಅಣ್ಣಾ, ಆಮೇಲೆ ಹೊರಡೋಣ" ಎಂದೆ. ಅವರು ತಮ್ಮ ಮುಂದಿನ ಗಡಿಯಾರ ನೋಡಿ ಕಾಯುತ್ತಾ ಕೂತರು.

ನನ್ನ ಪರದೆಯಲ್ಲಿ ತೆರೆದಿದ್ದುದು ಮುಂದಿನ ಪೆಟ್ಟಿಗೆಯ ಪುಟ. ಅದರಲ್ಲಿ ಹಸಿರು ಗುರುತು ಬಂತು. ಹೊಸ ಪಟ್ಟಿ ಹಿಡಿದಿದೆ ಎಂದು ಅದರ ಅರ್ಥ. ನಾನು ಕೈಗಡಿಯಾರ ನೋಡಿದೆ. ಈ ಬರಹದ ಮೊದಲಿಗೆ ಹೇಳಿದ ಹೊತ್ತು ಅದೇ. ಹತ್ತಾಗಲು ಇನ್ನೂ ಅರ್ಧ ನಿಮಿಷಕ್ಕಿಂತ ಹೆಚ್ಚಿತ್ತು. ನನ್ನ ಗಡಿಯಾರ ಹಿಂದೆ ಬಿದ್ದಿದೆ ಅಂದುಕೊಂಡೆ. ಬೆಳಿಗ್ಗೆ ಸರಿಹೊಂದಿಸಿದ್ದು ನೆನಪಿತ್ತು. ಆದರೂ ಹಾಗೇ ಅಂದುಕೊಂಡೆ.

"ಬಂತು. ಹೋಗೋಣ್ರಿ."

"ಇನ್ನೂ ಹತ್ತಾಗಿಲ್ಲಲ್ರೀ ಸಾರ್."

"ಪೆಟ್ಟಿಗೇನೇ ಹೇಳ್ತಿದೆ, ಹೋಗ್ರಿ."

"ನೀವು ಹೇಳಿದ್ಮೇಲೆ ಆತು," ಎಂದು ಅವರು ಗಾಡಿ ಬಿಟ್ಟರು.

ಹಿಂದುಗಡೆ ಮರಳಿನ ಚೀಲಗಳ ಪೂರ್ತಿ ಭಾರವಿತ್ತು. ಇಳಿಜಾರಿನಲ್ಲಿ ಗಾಡಿ ಬೇಗ ವೇಗ ಹಿಡಿಯಿತು. ವಿಪರೀತ ವೇಗವೇನಲ್ಲ, ಒಂದು ಟೌನ್ ಬಸ್ಸಿನಷ್ಟು. ದೊಡ್ಡಾಕೆ ಆಗ ಕೆಳಗೆ ಜೋಳದ ಅಂಚಿನಲ್ಲಿದ್ದರು, ಬೆನ್ನು ನಮ್ಮ ಕಡೆ. ಎದುರು ಬದಿಯಲ್ಲಿ ಬಿದ್ದಿದ್ದ ಖಾಲಿ ಚೀಲ ತರಲು ರಸ್ತೆ ದಾಟತೊಡಗಿದರು. ಚಾಲಕರು ಹಾರ್ನ್ ಹೊಡೆದರು, ಹೊಡೆಯುತ್ತಲೇ ಬಲಗಾಲು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕಿನ ಮೇಲಿಟ್ಟು ಒತ್ತಿದರು. ನಾನು ಇದನ್ನು ನೋಡಿದೆ. ಬೂದು ಪ್ಯಾಂಟು, ಕಪ್ಪು ಚಪ್ಪಲಿ, ಹಿಮ್ಮಡಿ ಮೇಲೆದ್ದಿತ್ತು. ಮುಂದಿನ ಚಕ್ರಗಳು ಹಿಡಿದವು, ನಾನು ಸೀಟಿನ ಬೆನ್ನಿಗೆ ಬಡಿದುಕೊಂಡೆ. ಹಿಂದಿನವು ಹಿಡಿಯಲಿಲ್ಲ, ಭಾರ ಹಿಂದಿನಿಂದ ನೂಕುತ್ತಲೇ ಇತ್ತು. ಅವರು ಎಡಗೈಯನ್ನು ಸೀಟಿನ ಪಕ್ಕಕ್ಕೆ ಹಾಕಿ ಹ್ಯಾಂಡ್‌ಬ್ರೇಕಿಗೆ ತಡಕಾಡಿದರು. ಈ ಗಾಡಿಯಲ್ಲಿ ಆ ಸರಳೇ ಇಲ್ಲ, ಅದೂ ಒಂದು ಗುಂಡಿ, ಅದರ ಸಂದೇಶವೂ ಅದೇ ಸಾಲಿನದು. ಬರಿಗೈ ಎರಡು ಸಲ ಗಾಳಿಯನ್ನು ಹಿಡಿಯಿತು. ಆಮೇಲೆ ಸ್ಟಿಯರಿಂಗನ್ನು ಎಡಕ್ಕೆ, ಜೋಳದ ಮೇಲಕ್ಕೆ ತಿರುಗಿಸಿದರು. ಕಾಳಿನ ಮೇಲೆ ಮುಂದಿನ ಚಕ್ರಗಳೂ ಜಾರಿದವು. ಹಾರ್ನ್ ಕೇಳಿ ತಿರುಗಿದ ಆಕೆಯೂ ಅದೇ ಕಡೆಗೆ, ತಮ್ಮ ಜೋಳದ ಕಡೆಗೆ, ವಾಪಸ್ ಹೆಜ್ಜೆ ಇಟ್ಟಿದ್ದರು.

ಗಾಡಿ ನಿಂತ ಮೇಲೂ ಚಾಲಕರ ಕಾಲು ಪೆಡಲಿನ ಮೇಲೇ ಇತ್ತು. ನಾನು ಬಾಗಿಲಿನ ಹಿಡಿಗೆ ಕೈ ಹಾಕಿದ್ದೆ. ಆಗ ಹಿಂದುಗಡೆ ಕಟ್ ಎಂದು ಶಬ್ದವಾಯಿತು, ಗಾಡಿ ಸ್ವಲ್ಪ ನಡುಗಿತು. ನಿಂತಿದ್ದ ಗಾಡಿಯ ಹಿಂದಿನ ಬ್ರೇಕು ಆಗ ಹಿಡಿಯಿತು. ಆ ಶಬ್ದ ಕೇಳಿದರೂ ನನಗೇನೂ ಅರ್ಥವಾಗಲಿಲ್ಲ. ಇಳಿದು ಓಡಿದೆ.

ಆಕೆ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಪೊಲೀಸರು ವಿಚಾರಣೆಗೆ ಕರೆದಾಗ ನಮ್ಮ ಕಂಪನಿಯ ಹಿರಿಯರೊಬ್ಬರು ಗಾಡಿಯ ದಾಖಲೆಯನ್ನು ಮುದ್ರಿಸಿ ತಂದಿದ್ದರು. ಹಿಂದಿನ ಬ್ರೇಕಿಗೆ ಮೊದಲ ಸಂದೇಶ ಬಂದದ್ದು ಸರಿಯಾಗಿ ನಾಲ್ಕು ಹತ್ತಕ್ಕೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಗಾಡಿ ಬಡಿದ ಮೇಲೆ ಚಾಲಕರು ಬ್ರೇಕ್ ಒತ್ತಿದ್ದಾರೆ ಎಂದು ಹಿರಿಯರು ಓದಿ ಹೇಳಿದರು. ಆ ದಾಖಲೆ ತೋರಿಸುವುದು ಸಂದೇಶ ಹಿಂದಕ್ಕೆ ತಲುಪಿದ ಹೊತ್ತನ್ನು. ಕಾಲು ಒತ್ತಿದ ಹೊತ್ತನ್ನಲ್ಲ. ಇದು ನನಗೆ ಅಲ್ಲೇ ಹೊಳೆಯಬೇಕಿತ್ತು.

ಚಾಲಕರು ನನ್ನ ಕಡೆ ತಿರುಗಿದರು. "ಸಾರ್, ನೀವು ಹಿಂದೇನೇ ಇದ್ರಲ್ಲ. ನೋಡಿದ್ರಲ್ಲ?"

"ನೋಡಿದೆ. ಮೊದಲೇ ಒತ್ತಿದ್ರು."

"ನೀವು ಲ್ಯಾಪ್‌ಟಾಪ್ ನೋಡ್ತಿದ್ರಾ, ಇವರ ಕಾಲು ನೋಡ್ತಿದ್ರಾ?" ಎಂದರು ನಮ್ಮ ಹಿರಿಯರು.

ನಾನು ಕಾಗದದ ಮೇಲಿನ ಅಂಕಿ ನೋಡಿದೆ. ನನ್ನ ಕಣ್ಣಿಗಿಂತ ಅದು ಗಟ್ಟಿಯಾಗಿ ಕಂಡಿತು. "ಒತ್ತಿದ್ರು ಅನ್ಸುತ್ತೆ," ಎಂದೆ.

ಬರೆದುಕೊಳ್ಳುತ್ತಿದ್ದವರು ಅದನ್ನು ಹಾಗೇ ಬರೆದುಕೊಂಡರು. ಚಾಲಕರು ಮತ್ತೆ ನನ್ನ ಮುಖ ನೋಡಲಿಲ್ಲ. ಲೈಸೆನ್ಸನ್ನು ತೆಗೆದಿಟ್ಟುಕೊಂಡು ಅವರ ಮೇಲೆ ಕೇಸು ಹಾಕಿದರು.

ಆ ಕಟ್ ಎಂಬ ಶಬ್ದ ನನ್ನನ್ನು ಬಿಡಲಿಲ್ಲ. ಶೆಡ್ಡಿನಲ್ಲಿ ಹನ್ನೊಂದು ದಿನ ಪ್ರತಿ ಮಧ್ಯಾಹ್ನ ಅದೇ ಪಟ್ಟಿಗಳನ್ನು ತುಂಬಿ ನೋಡಿದೆ. ಬರೆದ ಹೊತ್ತು ಕಳೆದ ಮೇಲೆ ಪೆಡಲ್ ಒತ್ತುತ್ತಿದ್ದೆ, ಗಾಡಿ ಪ್ರತಿ ಸಲವೂ ಚೆನ್ನಾಗಿ ಬ್ರೇಕ್ ಹಿಡಿಯಿತು. ಹನ್ನೆರಡನೆಯ ದಿನ, ಹಸಿರು ಗುರುತು ಬರುವಾಗಲೇ ಪೆಡಲ್ ಒತ್ತಿ ಹಿಡಿದುಕೊಂಡು ಎಣಿಸಿದೆ. ಹಿಂದಿನ ಚಕ್ರ ಸುಮ್ಮನಿತ್ತು. ಮೂವತ್ತೇಳು ಎಣಿಸುವಾಗ ಕಟ್ ಎಂದಿತು.

ಭೂಮಿ ತಿರುಗುವುದಕ್ಕೆ ಸರಿಹೊಂದಲಿ ಎಂದು ಜಗತ್ತಿನ ಗಡಿಯಾರಗಳಿಗೆ ಆಗಾಗ ಒಂದೊಂದು ಸೆಕೆಂಡು ಸೇರಿಸಿದ್ದಾರೆ, ಪಂಚಾಂಗದಲ್ಲಿ ಅಧಿಕಮಾಸ ಹಾಕುವ ಹಾಗೆ. ಪೆಟ್ಟಿಗೆಗಳ ಒಳಗಿನ ಗಡಿಯಾರ ಈ ಸೇರ್ಪಡೆಯನ್ನು ಒಪ್ಪುವುದಿಲ್ಲ. ಹಾಗಾಗಿ ಅದು ನಮ್ಮ ಗಡಿಯಾರಕ್ಕಿಂತ ಮೂವತ್ತೇಳು ಸೆಕೆಂಡು ಮುಂದಿರುತ್ತದೆ. ಹಿಂದಿನ ಪೆಟ್ಟಿಗೆಯ ಸಾಧನ ನಾನು ಬರೆದ ಹೊತ್ತನ್ನು ನಮ್ಮ ಗಡಿಯಾರದ್ದೆಂದು ತಿಳಿದು, ವ್ಯತ್ಯಾಸ ಕೂಡಿಸಿಕೊಂಡಿತು. ಮುಂದಿನದು ಬರೆದದ್ದನ್ನು ಹಾಗೇ ನುಂಗಿತು. ಮುಂದಿನದು ಮೂವತ್ತೇಳು ಸೆಕೆಂಡು ಮೊದಲೇ ಹೊಸ ಪಟ್ಟಿಗೆ ಹೋಯಿತು. ಅಷ್ಟು ಹೊತ್ತು ಬ್ರೇಕಿನ ಸಂದೇಶಗಳು ಹಿಂದಿನ ಪೆಟ್ಟಿಗೆಯ ಮುಚ್ಚಿದ ಬಾಗಿಲಲ್ಲಿ ನಿಂತಿದ್ದವು. ಸಂದೇಶ ಬಾರದಿದ್ದರೆ ಚಕ್ರವನ್ನು ತಾನಾಗಿ ಹಿಡಿಯುವ ಏರ್ಪಾಡೊಂದಿತ್ತು. ಸುಮ್ಮಸುಮ್ಮನೆ ಹಿಡಿದು ಗಾಡಿ ನಿಲ್ಲಿಸುತ್ತದೆ ಎಂದು ಪರೀಕ್ಷೆಯ ದಿನಗಳಲ್ಲಿ ಅದನ್ನು ನಾವೇ ಬಂದ್ ಮಾಡಿದ್ದೆವು. ಶೆಡ್ಡಿನಲ್ಲಿ ಹಿಂದೆಯೂ ಹೀಗೇ ಆಗಿರಬೇಕು. ನಿಂತ ಗಾಡಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇದನ್ನೆಲ್ಲ ಬರೆದು ಕೊಟ್ಟೆ. ನಮ್ಮ ಹಿರಿಯರು ಓದಿ, "ಶೆಡ್ಡಲ್ಲಿ ಹೀಗಾಯ್ತು ಅಂದ್ರೆ ಅವತ್ತೂ ಹೀಗೇ ಆಯ್ತು ಅಂತಲ್ಲ. ಅವನು ಒತ್ತಿದ್ದಕ್ಕೆ ಸಾಕ್ಷಿ ಯಾರು? ನೀವೇ 'ಅನ್ಸುತ್ತೆ' ಅಂದಿದ್ದೀರಿ," ಎಂದರು.

ಅವರ ಮೇಜಿನ ಮುಂದೆ ನಿಂತಿದ್ದಾಗಲೇ ಹಿಂದಿನ ಕೆಂಪು ದೀಪ ನೆನಪಾಯಿತು. ಅದರ ವೈರು ಪೆಡಲಿನಿಂದ ನೇರ ಹೋಗುತ್ತದೆ, ಯಾವ ಪೆಟ್ಟಿಗೆಯನ್ನೂ ದಾಟುವುದಿಲ್ಲ. ಕಾಲು ಒತ್ತಿದ ಕೂಡಲೇ ಅದು ಹತ್ತಿರಬೇಕು. ಗಾಡಿಯ ಹಿಂದೆ, ಇಳಿಜಾರಿನ ನೆತ್ತಿಯಲ್ಲಿ ಉಳಿದಿದ್ದವರು ಚಿಕ್ಕಾಕೆ ಒಬ್ಬರೇ. ಅವರನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಚಿಕ್ಕಾಕೆ ಅಂಗಳದಲ್ಲಿ ಜೋಳ ಕೇರುತ್ತಿದ್ದರು. ನನ್ನ ಗುರುತು ಹಿಡಿದು ಮೊರ ಕೆಳಗಿಟ್ಟರು. ಕೂರಿ ಅನ್ನಲಿಲ್ಲ. ಆ ಹೊತ್ತಿನಲ್ಲಿ ಏನು ಕಂಡಿತು ಅಂತ ಕೇಳಿದೆ. ದೀಪದ ಮಾತನ್ನು ನಾನು ಎತ್ತಲಿಲ್ಲ.

"ಹಾರನ್ ಹೊಡೆದ. ಹಿಂದಿನ ಕೆಂಪು ಲೈಟು ಹತ್ತಿದ್ವು, ಎರಡೂ. ನಮ್ಮಕ್ಕ ಆಗಿನ್ನೂ ನಿಂತಿದ್ಳು. ನಿಲ್ಲತೈತಿ ಬಿಡು ಅಂದ್ಕಂಡೆ."

"ಆಕೆ ಬೀಳೋಕೆ ಮೊದಲೇನಾ?"

"ಮೊದ್ಲೇ ರೀ. ಕಣ್ಣಾರೆ ನೋಡೀನಿ. ಲೈಟ್ ಹತ್ತಿದ್ರೂ ಯಾಕ್ ನಿಲ್ಲಲಿಲ್ಲ ಅದು?"

ನಾನು ಹೇಳಿದೆ. ಡ್ರೈವರು ಒತ್ತಿದ್ದರು, ಅದು ಹಿಂದಿನ ಚಕ್ರಕ್ಕೆ ಮುಟ್ಟಲಿಲ್ಲ, ನಾನು ಹಾಕಿದ ಹೊತ್ತು ಎರಡು ಕಡೆ ಎರಡಾಗಿತ್ತು ಎಂದೆ. ಹತ್ತಾಗಿಲ್ಲ ಎಂದು ಅವರು ಅಂದಾಗ ಹೋಗ್ರಿ ಅಂದವನು ನಾನು ಎಂದೂ ಹೇಳಿದೆ.

ಅವರು ಕೆಳಗಿಟ್ಟಿದ್ದ ಮೊರವನ್ನು ಮತ್ತೆ ಕೈಗೆತ್ತಿಕೊಂಡರು. "ಅವ್ನ ಮಕ್ಕಳಿಗೆ ದಿನಾ ಶಾಪ ಹಾಕೀನಲ್ರೀ ನಾನು," ಎಂದರು. ಆಮೇಲೆ, "ಕರೆದ್ರೆ ಬಂದು ಹೇಳ್ತೀನಿ. ನೀವೂ ಈಗ ಹೇಳಿದ್ದನ್ನ ಅಲ್ಲೂ ಹೇಳ್ಬೇಕು. ಅನ್ನಸ್ತೈತಿ ಗಿನ್ನಸ್ತೈತಿ ಅನ್ಬ್ಯಾಡ್ರಿ," ಎಂದರು. ನಾನು ವಿಚಾರಣೆಯಲ್ಲಿ ಏನು ಹೇಳಿದ್ದೆನೆಂಬುದು ಆ ಮನೆಯವರೆಗೂ ಬಂದಿತ್ತು.

ಸಾಕ್ಷಿ ಹೇಳುವ ದಿನ ಇನ್ನೂ ಬಂದಿಲ್ಲ. ಅದಕ್ಕೆ ಮೊದಲು ನನಗೇನಾದರೂ ಆದರೆ ಇರಲಿ ಎಂದು ಇದನ್ನು ಬರೆದಿಟ್ಟಿದ್ದೇನೆ. ಬಲಗಾಲು ಬ್ರೇಕ್ ಒತ್ತಿದ್ದನ್ನು ನಾನು ನೋಡಿದೆ. ಕೆಂಪು ದೀಪ ಹತ್ತಿದ್ದನ್ನು ತೀರಿಕೊಂಡಾಕೆಯ ವಾರಗಿತ್ತಿ ನೋಡಿದ್ದಾರೆ. ಅವರು ಬದುಕಿದ್ದಾರೆ, ಆ ಇಳಿಜಾರಿನ ಮೇಲಿನ ಊರಿನಲ್ಲೇ ಇದ್ದಾರೆ. ಒತ್ತಿದ ಚಾಲಕರೂ ಬದುಕಿದ್ದಾರೆ. ಜಡೆಯ ಹತ್ತಿರ ತಮ್ಮ ಊರಿನಲ್ಲಿದ್ದಾರೆ, ಸೊರಬಕ್ಕೆ ಬರುವುದಿದ್ದರೆ ಬಸ್ಸಿನಲ್ಲಿ ಬರುತ್ತಾರೆ.